ಒಪ್ಪಂದದಲ್ಲಿ ಹೆಸರಿಸಿದ ಕೋರ್ಟಿಗೇ ವ್ಯಾಜ್ಯ ಹೋಗುವಂತೆ ಮಾಡುವುದು: ನನ್ನ ಅನುಭವ

‘ಈ ಒಪ್ಪಂದದ ಯಾವುದೇ ತಕರಾರು ಕೋಲ್ಕತ್ತದ ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟಿರುತ್ತದೆ’ ಎಂದು ಎರಡೂ ಕಡೆಯವರು ಸಹಿ ಹಾಕಿರುತ್ತಾರೆ. ಬಾಕಿ ಹಣದ ಜಗಳ ಬಂದಾಗ ಒಬ್ಬರು ತಮಗೆ ಅನುಕೂಲವಾದ ಬೇರೊಂದು ಊರಿನಲ್ಲಿ ದಾವೆ ಹೂಡುತ್ತಾರೆ. ಪ್ರತಿವಾದಿಯ ಪರವಾಗಿ ಇಂಥ ಕಡತ ಬಂದಾಗ ನಾನು ಅನುಸರಿಸುವ ಕ್ರಮ ಹೀಗಿದೆ.

ಮೊದಲು ನೋಡುವುದು ಷರತ್ತಿನ ಮಾತನ್ನಲ್ಲ, ಅದರಲ್ಲಿ ಹೆಸರಿಸಿದ ಕೋರ್ಟಿಗೆ ಕಾನೂನಿನ ಪ್ರಕಾರ ಅಧಿಕಾರ ಇದೆಯೇ ಎಂಬುದನ್ನು. ಎರಡು ಮೂರು ಕೋರ್ಟುಗಳಿಗೆ ಅಧಿಕಾರವಿದ್ದರೆ ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ, ಅದು ಕೋರ್ಟಿಗೆ ಹೋಗುವ ಹಕ್ಕನ್ನು ಪೂರ್ತಿ ತಡೆಯುವ ಒಪ್ಪಂದ ಅಸಿಂಧು ಎನ್ನುವ ಕರಾರು ಕಾಯ್ದೆಯ ಕಲಂ 28ಕ್ಕೆ ವಿರುದ್ಧವೂ ಅಲ್ಲ. ಆದರೆ ಇಲ್ಲದ ಅಧಿಕಾರವನ್ನು ಒಪ್ಪಂದದಿಂದ ಹುಟ್ಟಿಸಲಾಗದು. 1971ರ ಹಕಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವೆರಡನ್ನೂ ಹೇಳಿದೆ. ಹಾಗಾಗಿ ದಾವೆ ಎಲ್ಲಿ ಹೂಡಬಹುದೆಂದು ಹೇಳುವ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ; ಮುಂದೆ ಕಾಯ್ದೆಯ ಹೆಸರಿಲ್ಲದೆ ಬರುವ ಕಲಂ, ಆದೇಶಗಳೂ ಇದರವೇ) ಕಲಂ 20 ಇಟ್ಟುಕೊಂಡು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ: ಒಪ್ಪಂದಕ್ಕೆ ಸಹಿ ಎಲ್ಲಿ ಬಿತ್ತು, ಆರ್ಡರ್ ಎಲ್ಲಿ ಒಪ್ಪಿಗೆಯಾಯಿತು, ಸರಕು ಎಲ್ಲಿ ತಲುಪಿತು, ಹಣ ಎಲ್ಲಿ ಸಂದಾಯವಾಗಬೇಕಿತ್ತು, ಪ್ರತಿವಾದಿಯ ಕಚೇರಿ ಎಲ್ಲಿದೆ. ಇವುಗಳಲ್ಲಿ ಒಂದಾದರೂ ಹೆಸರಿಸಿದ ಊರಿಗೆ ತಗುಲಬೇಕು.

ಕಂಪನಿಗಳ ವಿಷಯದಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಪ್ರಧಾನ ಕಚೇರಿ ಅಲ್ಲಿದೆ, ಅಷ್ಟು ಸಾಕು ಎಂದುಕೊಳ್ಳುತ್ತಾರೆ. ಸಾಲದು. ವ್ಯಾಜ್ಯಕಾರಣ (ದಾವೆಗೆ ಆಧಾರವಾದ ಸಂಗತಿಗಳು) ಹುಟ್ಟಿದ ಊರಿನಲ್ಲೇ ಕಂಪನಿಯ ಶಾಖಾ ಕಚೇರಿ ಇದ್ದರೆ, ಕಲಂ 20ರ ವಿವರಣೆಯಂತೆ ಕಂಪನಿ ವ್ಯವಹಾರ ನಡೆಸುವುದು ಆ ಶಾಖೆಯ ಊರಿನಲ್ಲಿ. 1991ರ ಪಟೇಲ್ ರೋಡ್‌ವೇಸ್ ಪ್ರಕರಣದಲ್ಲಿ ‘ಬಾಂಬೆ ಕೋರ್ಟುಗಳು ಮಾತ್ರ’ ಎಂಬ ಷರತ್ತು ಬಿದ್ದುಹೋದದ್ದು ಇದೇ ಕಾರಣಕ್ಕೆ. ಸ್ಥಿರಾಸ್ತಿಯ ದಾವೆಯಾದರೆ ಕಲಂ 16 ಅಡ್ಡ ಬರುತ್ತದೆ. ಆಸ್ತಿ ಇರುವ ಊರನ್ನು ಬಿಟ್ಟು ಬೇರೆಡೆ ಹೋಗುವ ಷರತ್ತಿಗೆ ಅಲ್ಲಿ ಬೆಲೆಯಿಲ್ಲ.

ಆಮೇಲೆ ಷರತ್ತಿನ ಪದಗಳು. ‘ಮಾತ್ರ’, ‘ಏಕೈಕ’ ಎಂಬ ಪದವಿಲ್ಲ ಎಂದು ವಾದಿ ವಾದಿಸಿಯೇ ತೀರುತ್ತಾರೆ, 1989ರ ಎಬಿಸಿ ಲ್ಯಾಮಿನಾರ್ಟ್ ತೀರ್ಪನ್ನೂ ಮುಂದಿಡುತ್ತಾರೆ. ಅದಕ್ಕೆ ಉತ್ತರ 2013ರ ಸ್ವಸ್ತಿಕ್ ಗ್ಯಾಸಸ್ ತೀರ್ಪು. ಆ ಷರತ್ತಿನಲ್ಲೂ ಅಂಥ ಪದವಿರಲಿಲ್ಲ. ಆದರೂ ಒಂದು ಊರನ್ನು ಹೆಸರಿಸಿದ್ದರಲ್ಲೇ ಉಳಿದ ಊರುಗಳನ್ನು ಹೊರಗಿಡುವ ಉದ್ದೇಶ ಕಾಣುತ್ತದೆ ಎಂದು ಕೋರ್ಟ್ ಹೇಳಿತು. ಇದಕ್ಕಿಂತ ಕಷ್ಟದ್ದು ಇನ್‌ವಾಯ್ಸಿನ ಅಡಿಯಲ್ಲಿ ಅಚ್ಚಾದ ಸಾಲು. ಎದುರು ಕಡೆಯವರ ಒಪ್ಪಿಗೆ ಕಾಣದ ಅಂಥ ಸಾಲನ್ನೇ ನಂಬಿ ನಾನು ಹೋಗುವುದಿಲ್ಲ. ಸಹಿಯಾದ ಒಪ್ಪಂದ, ಪರ್ಚೇಸ್ ಆರ್ಡರ್, ಅದನ್ನು ಒಪ್ಪಿದ ಇಮೇಲ್, ಹೀಗೆ ಎರಡೂ ಕಡೆಯವರನ್ನು ಕಟ್ಟುವ ಕಾಗದ ಬೇಕು. ಪರ್ಚೇಸ್ ಆರ್ಡರಿನಲ್ಲಿ ಒಂದು ಊರು, ಇನ್‌ವಾಯ್ಸಿನಲ್ಲಿ ಇನ್ನೊಂದು ಊರು ಇದ್ದರೆ ವಾದದ ಅರ್ಧ ಬಲ ಅಲ್ಲೇ ಹೋಯಿತು.

ಗೆಲುವು ಸೋಲು ನಿರ್ಧಾರವಾಗುವುದು ಹೆಚ್ಚಾಗಿ ಸಮಯದ ಮೇಲೆ. ಕಲಂ 21ರ ಪ್ರಕಾರ ಸ್ಥಳದ ಬಗೆಗಿನ ಆಕ್ಷೇಪಣೆಯನ್ನು ಮೊದಲ ಅವಕಾಶದಲ್ಲೇ, ವಿವಾದಾಂಶ (ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆಗಳು) ರೂಪಿಸುವಷ್ಟರೊಳಗೆ ಎತ್ತಬೇಕು. ಇಲ್ಲದಿದ್ದರೆ ಮೇಲ್ಮನವಿಯಲ್ಲಿ ಕೇಳುವವರಿಲ್ಲ. ಎತ್ತಿದ್ದರೂ ಮೇಲಿನ ಕೋರ್ಟಿನಲ್ಲಿ ‘ಇದರಿಂದ ನ್ಯಾಯಕ್ಕೆ ಧಕ್ಕೆಯಾಯಿತು’ ಎಂದು ತೋರಿಸಬೇಕಾಗುತ್ತದೆ, ಅದು ಸುಲಭವಲ್ಲ. ಆದ್ದರಿಂದ ವಕಾಲತ್ತಿನ ಜೊತೆಯಲ್ಲೇ ‘ವ್ಯಾಪ್ತಿಯ ಆಕ್ಷೇಪಣೆಯನ್ನು ಕಾಯ್ದಿರಿಸಿ ಹಾಜರಾಗುತ್ತಿದ್ದೇವೆ’ ಎಂಬ ಮೆಮೊ ಹಾಕುತ್ತೇನೆ. ಅದರ ಬೆನ್ನಿಗೇ ಆದೇಶ 7 ನಿಯಮ 10ರಡಿ ವಾದಪತ್ರ ಹಿಂತಿರುಗಿಸುವಂತೆ ಮಧ್ಯಂತರ ಅರ್ಜಿ. ವಜಾ ಮಾಡಿ ಎಂದು ಕೇಳುವುದು ತಪ್ಪು. ವ್ಯಾಪ್ತಿಯಿಲ್ಲದ ಕೋರ್ಟ್ ವಾದಪತ್ರವನ್ನು ಹಿಂತಿರುಗಿಸಬೇಕೇ ಹೊರತು ತಿರಸ್ಕರಿಸುವುದಲ್ಲ.

ಅರ್ಜಿ ಹಾಕಿದ್ದೇವೆಂದು ಲಿಖಿತ ಹೇಳಿಕೆಯನ್ನು (ವಾದಪತ್ರಕ್ಕೆ ಪ್ರತಿವಾದಿ ಕೊಡುವ ಉತ್ತರ) ತಡೆಹಿಡಿಯಬೇಡಿ. ಗಡಿಯಾರ ನಿಲ್ಲುವುದಿಲ್ಲ. ವಾಣಿಜ್ಯ ದಾವೆಯಲ್ಲಿ ಸಮನ್ಸ್ ಜಾರಿಯಾದ ದಿನದಿಂದ 30 ದಿನ, ಹೆಚ್ಚೆಂದರೆ 120 ದಿನ. ಅದು ಮೀರಿದರೆ ಲಿಖಿತ ಹೇಳಿಕೆಯ ಹಕ್ಕೇ ಹೋಗುತ್ತದೆ. ವ್ಯಾಪ್ತಿಯ ತಕರಾರನ್ನು ಅದರ ಮೊದಲ ಪ್ಯಾರಾದಲ್ಲೇ ಮತ್ತೆ ಬರೆದು, ‘ಇದಕ್ಕೆ ಬಾಧೆಯಾಗದಂತೆ’ ಎಂದು ಸೇರಿಸಿ ಉಳಿದ ಉತ್ತರ ಕೊಡುತ್ತೇನೆ.

ಅರ್ಜಿಯಲ್ಲಿ ನನ್ನ ಕಡೆಯ ಹೊಸ ಸಂಗತಿಗಳನ್ನು ಆದಷ್ಟು ಕಡಿಮೆ ಇಡುತ್ತೇನೆ. ಸಂಗತಿಯೇ ವಿವಾದದಲ್ಲಿದ್ದರೆ ‘ಸಾಕ್ಷ್ಯ ಬರಲಿ, ಆಮೇಲೆ ನೋಡೋಣ’ ಎಂದು ಕೋರ್ಟ್ ಮುಂದೂಡುತ್ತದೆ, ವರ್ಷಗಳು ಉರುಳುತ್ತವೆ. ವಾದಿಯ ಕಾಗದಗಳೇ ಸಾಕಾಗಬೇಕು. ವಾದಪತ್ರದ ವ್ಯಾಪ್ತಿಯ ಪ್ಯಾರಾ ಓದಿ ನೋಡಿ: ‘ಸರಕು ಇಲ್ಲಿ ತಲುಪಿದೆ, ಆದ್ದರಿಂದ ವ್ಯಾಪ್ತಿ ಇದೆ’ ಎಂದಷ್ಟೇ ಇರುತ್ತದೆ, ಷರತ್ತಿನ ಸುದ್ದಿಯೇ ಇರುವುದಿಲ್ಲ. ಅದೇ ಒಪ್ಪಂದವನ್ನು ವಾದಿ ದಾಖಲೆಯಾಗಿ ಲಗತ್ತಿಸಿರುತ್ತಾರೆ. ಆ ಪ್ಯಾರಾವನ್ನೂ ಷರತ್ತಿನ ಪುಟವನ್ನೂ ಎದುರುಬದುರು ಇಟ್ಟು, ಸರಕು ಇಲ್ಲಿ ತಲುಪಿದ್ದನ್ನು ಒಪ್ಪಿಕೊಂಡೇ, ಹೆಸರಿಸಿದ ಊರಿನಲ್ಲೂ ವ್ಯಾಜ್ಯಕಾರಣದ ಭಾಗವಿದೆ ಎಂದು ತೋರಿಸಿದರೆ ವಾದ ಚಿಕ್ಕದಾಗುತ್ತದೆ, ಬಲವೂ ಬರುತ್ತದೆ.

ವಾಣಿಜ್ಯ ದಾವೆಯಲ್ಲಿ ಅರ್ಜಿ ತಿರಸ್ಕಾರವಾದರೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕಲಂ 8 ರಿವಿಜನ್‌ಗೆ (ಮೇಲಿನ ಕೋರ್ಟಿನ ಮರುಪರಿಶೀಲನೆಗೆ) ತಡೆ ಹಾಕಿದೆ. ಆ ತಕರಾರನ್ನು ಡಿಕ್ರಿಯ (ದಾವೆಯ ಅಂತಿಮ ಆದೇಶದ) ಮೇಲಿನ ಮೇಲ್ಮನವಿಯವರೆಗೆ ಹೊತ್ತೊಯ್ಯಬೇಕು. ಮೊದಲ ಅರ್ಜಿಯನ್ನು ಅರೆಮನಸ್ಸಿನಿಂದ ಬರೆಯಬಾರದು ಎನ್ನುವುದು ಇದಕ್ಕಾಗಿಯೇ.

ವಾದಿಯ ಪರ ಇದ್ದು ವಾದಪತ್ರ ವಾಪಸು ಕೊಡಲು ಕೋರ್ಟ್ ನಿರ್ಧರಿಸಿದರೆ ಎರಡು ದಾರಿ. ಆದೇಶ 43ರಡಿ ಮೇಲ್ಮನವಿ ಹೋಗಬಹುದು. ಅಥವಾ ಆದೇಶ 7ರ ನಿಯಮ 10ಎ ಅಡಿ, ಯಾವ ಕೋರ್ಟಿಗೆ ಹೋಗುತ್ತೇವೆಂದು ತಿಳಿಸಿ ಅಲ್ಲಿ ಹಾಜರಾಗುವ ದಿನಾಂಕ ನಿಗದಿ ಮಾಡಿಸಿಕೊಳ್ಳಬಹುದು. ಆಗ ಸಾಮಾನ್ಯವಾಗಿ ಮತ್ತೆ ಸಮನ್ಸ್ ಬೇಕಿಲ್ಲ, ಆದರೆ ಮೇಲ್ಮನವಿಯ ಹಕ್ಕು ಹೋಗುತ್ತದೆ. ಹೊಸ ಕೋರ್ಟಿನಲ್ಲಿ ವಿಚಾರಣೆ ಮೊದಲಿನಿಂದಲೇ ಶುರು. 2020ರ ಇಎಕ್ಸ್‌ಎಲ್ ಕೆರಿಯರ್ಸ್ ತೀರ್ಪು ಅದನ್ನು ಸ್ಪಷ್ಟಪಡಿಸಿದೆ. ಮೊದಲ ಕೋರ್ಟಿನಲ್ಲಿ ಕಳೆದ ಕಾಲವನ್ನು ಕಾಲಮಿತಿ ಕಾಯ್ದೆಯ ಕಲಂ 14ರಡಿ ದಾವೆಯ ಗಡುವಿನ ಲೆಕ್ಕದಿಂದ ಬಿಡಿಸಿಕೊಳ್ಳಬೇಕಾದರೆ ಸದ್ಭಾವನೆ, ಶ್ರದ್ಧೆ ಎರಡನ್ನೂ ತೋರಿಸಬೇಕು. ಷರತ್ತು ಕಣ್ಣೆದುರಿಗಿದ್ದೂ ಬೇರೆಡೆ ದಾವೆ ಹೂಡಿದವರಿಗೆ ಇದು ಕಷ್ಟದ ಪರೀಕ್ಷೆ. ವಾಪಸಾದ ದಿನದಿಂದ ಮತ್ತೆ ಸಲ್ಲಿಸುವ ದಿನದವರೆಗಿನ ಕಾಲ ಗಡುವಿನ ಲೆಕ್ಕಕ್ಕೆ ಸೇರುತ್ತದೆ, ಆದ್ದರಿಂದ ದೃಢೀಕೃತ ಪ್ರತಿಗಳಿಗೆ ಅದೇ ದಿನ ಅರ್ಜಿ ಹಾಕಿ.

ವಿದೇಶಿ ಕೋರ್ಟನ್ನು ಹೆಸರಿಸುವ ಒಪ್ಪಂದಗಳಲ್ಲಿ ಅಲ್ಲಿ ಸಿಗುವ ಡಿಕ್ರಿಯನ್ನು ಇಲ್ಲಿ ಹೇಗೆ ಜಾರಿ ಮಾಡಿಸುವುದು ಎಂಬಲ್ಲಿಂದ ನಾನು ಹಿಂದಕ್ಕೆ ಯೋಚಿಸುತ್ತೇನೆ. ಬ್ರಿಟನ್, ಸಿಂಗಪುರ, ಯುಎಇಗಳ ಅಧಿಸೂಚಿತ ಕೋರ್ಟುಗಳ ಹಣದ ಡಿಕ್ರಿಯನ್ನು ಕಲಂ 44ಎ ಅಡಿ ಇಲ್ಲಿ ನೇರವಾಗಿ ಅಮಲ್ಜಾರಿಗೆ ಹಾಕಬಹುದು. ಅಮೆರಿಕದ ತೀರ್ಪಿಗೆ ಆ ಸೌಲಭ್ಯವಿಲ್ಲ, ಅದರ ಆಧಾರದ ಮೇಲೆ ಇಲ್ಲಿ ಮತ್ತೊಂದು ದಾವೆಯನ್ನೇ ಹೂಡಬೇಕು.