ಹೆಸರು ಬರುತ್ತದೆ, ಮುಖ ಬರುವುದಿಲ್ಲ: ಎರಡು ಫೈರ್‌ವಾಲ್ ದಾಟುವ ವಿಡಿಯೊ ಕರೆ ಹೊಂದಿಸುವುದು ಹೇಗೆ?

ಮೈಸೂರಿನ ಕಚೇರಿಯಿಂದ ಕಲಬುರಗಿಯ ಶಾಖೆಗೆ ವಿಡಿಯೊ ಕರೆ. ಪರದೆಯ ಮೇಲೆ ಇಬ್ಬರ ಹೆಸರೂ ಬರುತ್ತದೆ, ಚಾಟ್‌ನಲ್ಲಿ ಬರೆದದ್ದು ತಲುಪುತ್ತದೆ. ಆದರೆ ಚಿತ್ರ ಕಪ್ಪು, ದನಿ ಇಲ್ಲ. ಇಂಥ ಹೊತ್ತಿನಲ್ಲಿ ಹೊಸ ಕ್ಯಾಮೆರಾ ತರಿಸುವವರು, ಇಂಟರ್ನೆಟ್ ಪ್ಲ್ಯಾನ್ ಹೆಚ್ಚಿಸುವವರು ಬಹಳ. ಎರಡರಿಂದಲೂ ಪ್ರಯೋಜನವಿಲ್ಲ.

ಹೆಸರು, ಚಾಟ್ ಸಾಗುವುದು ವೆಬ್ ಪುಟಗಳು ಬರುವ ದಾರಿಯಲ್ಲೇ, ಅಂದರೆ ಟಿಸಿಪಿ ಎಂಬ ಸಾಗಣೆ ವಿಧಾನದ 443ನೇ ಪೋರ್ಟ್‌ನಲ್ಲಿ (ಪೋರ್ಟ್ ಎಂದರೆ ಸಂಖ್ಯೆ ಹಾಕಿದ ಬಾಗಿಲು). ಅದನ್ನು ಮುಚ್ಚಿದರೆ ಕಚೇರಿಯ ಕೆಲಸವೇ ನಿಲ್ಲುವುದರಿಂದ ಎಲ್ಲ ಕಡೆ ತೆರೆದೇ ಇರುತ್ತದೆ. ಚಿತ್ರ ಮತ್ತು ದನಿ ಸಾಗುವುದು ಯುಡಿಪಿ ಎಂಬ, ಕಳೆದ ತುಣುಕಿಗೆ ಕಾಯದ ಇನ್ನೊಂದು ಸಾಗಣೆ ವಿಧಾನದಲ್ಲಿ, ಬೇರೆ ಪೋರ್ಟ್‌ಗಳಲ್ಲಿ. ಎರಡೂ ಕಡೆಯ ಕಂಪ್ಯೂಟರ್‌ಗಳಿಗೆ ಇರುವುದು 192.168 ಅಥವಾ 10ರಿಂದ ಶುರುವಾಗುವ ಒಳವಿಳಾಸ. ಹೊರಗಿನವರಿಗೆ ಅದು ಸಿಗದು. ಒಳಗಿನವರು ಕೇಳಿದ್ದಕ್ಕೆ ಬಂದ ಉತ್ತರವನ್ನಷ್ಟೇ ಫೈರ್‌ವಾಲ್ ಒಳಗೆ ಬಿಡುತ್ತದೆ. ಎರಡೂ ಕಡೆ ಹೀಗಿದ್ದರೆ ಮೊದಲು ಬಾಗಿಲು ತಟ್ಟುವವರು ಯಾರು?

ಪರಿಹಾರ ಒಂದೇ: ಇಬ್ಬರೂ ಒಳಗಿನಿಂದ ಹೊರಗೆ ಹೋಗಿ ಸೇರುವಂಥ ಒಂದು ಜಾಗ ಹೊರಗಿರಬೇಕು. ಕಚೇರಿಯ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಒಂದು ಕಂಪ್ಯೂಟರ್‌ಗೆ ತಿರುಗಿಸುವುದು) ಮಾಡಲು ಹೋಗಬೇಡಿ. ಕಂಪ್ಯೂಟರನ್ನು ‘ಡಿಎಂಜೆಡ್’‌ಗೆ ಹಾಕುವ ಅಡ್ಡದಾರಿಯಂತೂ ಬೇಡವೇ ಬೇಡ; ಅದು ಇಡೀ ಯಂತ್ರವನ್ನು ಬೀದಿಗೆ ತೆರೆದಿಟ್ಟಂತೆ. ನಿಮ್ಮ ರೌಟರ್‌ಗೆ ಸಿಕ್ಕ ಹೊರವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಇಂಟರ್ನೆಟ್ ಕಂಪನಿಯೇ ಅನೇಕ ಗ್ರಾಹಕರಿಗೆ ಒಂದು ವಿಳಾಸ ಹಂಚಿದೆ ಎಂದರ್ಥ. ಆಗ ಫಾರ್ವರ್ಡ್ ಮಾಡಿದರೂ ಫಲವಿಲ್ಲ.

ಹಂತ 1: ಎರಡು ಬಾಡಿಗೆ ಸರ್ವರ್

ವಿಡಿಯೊ ಸಭೆ ನಡೆಸುವ ತಂತ್ರಾಂಶವಾದ ಜಿಟ್ಸಿ ಮೀಟ್‌ಗೆ 4 ಜಿಬಿ ರ‍್ಯಾಮ್‌ನದೊಂದು, ಚಿತ್ರ, ದನಿಯನ್ನು ಫೈರ್‌ವಾಲ್ ದಾಟಿಸುವ ಕೋಟರ್ನ್‌ಗೆ 1 ಜಿಬಿಯದೊಂದು. ಎರಡಕ್ಕೂ ಸ್ವಂತ ಸಾರ್ವಜನಿಕ ಐಪಿ, ಬೇರೆಬೇರೆ ಉಪಡೊಮೇನ್ ಇರಲಿ. ಒಂದರಲ್ಲೇ ಎರಡನ್ನೂ ಇಡಬಹುದು; ಆದರೆ ಎರಡಕ್ಕೂ 443 ಬೇಕು, ಅಲ್ಲಿಂದ ತೊಡಕು ಶುರು. ಸರ್ವರ್ ಬೆಂಗಳೂರು ಅಥವಾ ಮುಂಬೈನದಾಗಿರಲಿ. ಅಗ್ಗವೆಂದು ಯುರೋಪಿನದನ್ನು ಹಿಡಿದರೆ ಮೈಸೂರಿನ ಮಾತು ಸಮುದ್ರ ದಾಟಿ ಕಲಬುರಗಿಗೆ ಬರಬೇಕಾಗುತ್ತದೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ.

ಹಂತ 2: ಜಿಟ್ಸಿ

ಉಬುಂಟು ಮೇಲೆ ಅದರದೇ ಪ್ಯಾಕೇಜ್‌ನಿಂದ ಅನುಸ್ಥಾಪಿಸಿ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರ ಪಡೆಯಿರಿ. ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಬ್ರೌಸರ್ ಕ್ಯಾಮೆರಾ ಮುಟ್ಟಲು ಬಿಡುವುದಿಲ್ಲ. ಟಿಸಿಪಿ 80, 443 ಮತ್ತು ಯುಡಿಪಿ 10000 ತೆರೆಯಿರಿ.

ಈ 10000ನ್ನು ಮರೆಯುವವರೇ ಹೆಚ್ಚು. ಇಬ್ಬರಷ್ಟೇ ಇರುವಾಗ ಜಿಟ್ಸಿ ಚಿತ್ರವನ್ನು ನೇರವಾಗಿ ಒಬ್ಬರಿಂದೊಬ್ಬರಿಗೆ ಕಳಿಸಲು ನೋಡುತ್ತದೆ. ಮೂರನೆಯವರು ಬಂದೊಡನೆ ಸರ್ವರ್‌ನ ವಿಡಿಯೊ ಬ್ರಿಡ್ಜ್ ಮೂಲಕ ತಿರುಗಿಸುತ್ತದೆ. 10000 ಮುಚ್ಚಿದ್ದರೆ ಮೂರನೆಯವರು ಸೇರಿದ ಗಳಿಗೆಯಲ್ಲೇ ಎಲ್ಲರ ಚಿತ್ರವೂ ಮಾಯ. ದೂರು ಬರುವುದು ಮಾತ್ರ ‘ಮೂರನೆಯವರ ಲ್ಯಾಪ್‌ಟಾಪ್ ಸರಿಯಿಲ್ಲ’ ಎಂದು. ಪರೀಕ್ಷೆಯನ್ನು ಎಂದೂ ಇಬ್ಬರಲ್ಲೇ ಮುಗಿಸಬೇಡಿ.

ಹಂತ 3: ಕೋಟರ್ನ್, ಎಲ್ಲರೂ ಎಡವುವ ಜಾಗ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿ. ‘ಗೂಗಲ್‌ನ ಉಚಿತ ಸ್ಟನ್ ವಿಳಾಸ ಹಾಕಿದರೆ ಸಾಕು’ ಎನ್ನುವವರಿದ್ದಾರೆ. ಸ್ಟನ್ ಮಾಡುವುದು ‘ಹೊರಗಿನಿಂದ ನಿನ್ನ ವಿಳಾಸ ಇದು’ ಎಂದು ತಿಳಿಸುವ ಕೆಲಸ ಮಾತ್ರ. ಮನೆಯ ರೌಟರ್‌ಗಳಿಗೆ ಅದು ಸಾಕಾಗಬಹುದು. ಯುಡಿಪಿಯನ್ನೇ ತಡೆಯುವ, ಅಥವಾ ಪ್ರತಿ ಗುರಿಗೂ ಹೊಸ ಪೋರ್ಟ್ ಕೊಡುವ ಕಚೇರಿಯ ಫೈರ್‌ವಾಲ್‌ಗೆ ಸಾಲದು. ಅಲ್ಲಿ ಚಿತ್ರ, ದನಿಯನ್ನು ತಾನೇ ಹೊತ್ತು ದಾಟಿಸುವ ಟರ್ನ್ ಸರ್ವರ್ ಬೇಕು. ಕೋಟರ್ನ್ ಅದೇ ಕೆಲಸದ್ದು. ಅಂತರ್ಜಾಲದಲ್ಲಿ ಹರಿದಾಡುವ ‘ಉಚಿತ ಟರ್ನ್ ಪಟ್ಟಿ’ಗಳನ್ನು ನಂಬಿ ಕಚೇರಿ ಸಭೆ ನಡೆಸಬೇಡಿ.

ಸೆಟ್ಟಿಂಗ್ ಕಡತದಲ್ಲಿ ಸಾಮಾನ್ಯ ಪೋರ್ಟ್ 3478, ಟಿಎಲ್‌ಎಸ್ (ಗೂಢಲಿಪಿಯಲ್ಲಿ ಸಾಗುವ ಸಂಪರ್ಕದ) ಪೋರ್ಟ್ 443 ಎಂದು ಬರೆಯಿರಿ. ಟಿಎಲ್‌ಎಸ್‌ಗೆ ಮೊದಲೇ ಇರುವ 5349ನ್ನು ಹಾಗೇ ಬಿಟ್ಟರೆ ಕಟ್ಟುನಿಟ್ಟಿನ ಫೈರ್‌ವಾಲ್‌ಗಳು ಅದನ್ನೂ ತಡೆಯುತ್ತವೆ. ಇಷ್ಟೆಲ್ಲ ಮಾಡಿದ್ದೇ ವ್ಯರ್ಥ. ಆದರೆ 443 ಎಂದು ಬರೆದ ಮಾತ್ರಕ್ಕೆ ಆಗಲಿಲ್ಲ. ಕೋಟರ್ನ್ ಓಡುವುದು ಎಲ್ಲ ಅಧಿಕಾರವುಳ್ಳ ‘ರೂಟ್’ ಬಳಕೆದಾರನಾಗಿ ಅಲ್ಲ, ‘ಟರ್ನ್‌ಸರ್ವರ್’ ಎಂಬ ಬೇರೆ ಬಳಕೆದಾರನಾಗಿ. 1024ಕ್ಕಿಂತ ಕೆಳಗಿನ ಪೋರ್ಟ್ ಹಿಡಿಯಲು ಅವನಿಗೆ ಲಿನಕ್ಸ್ ಬಿಡುವುದಿಲ್ಲ. ಕೋಟರ್ನನ್ನು ಶುರುಮಾಡುವ ಸಿಸ್ಟಮ್‌ಡಿ ಸೇವಾ ಕಡತದಲ್ಲಿ ‘ನೆಟ್ ಬೈಂಡ್ ಸರ್ವೀಸ್’ ಅನುಮತಿ ಕೊಡಬೇಕು.

ಅದೇ ಕಾರಣಕ್ಕೆ ಪ್ರಮಾಣಪತ್ರವೂ ಕೈಕೊಡುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಖಾಸಗಿ ಕೀಲಿಯನ್ನು ಓದಬಲ್ಲವನು ರೂಟ್ ಒಬ್ಬನೇ. ಕೋಟರ್ನ್ ಶುರುವಾದಂತೆ ಕಾಣುತ್ತದೆ, ಟಿಎಲ್‌ಎಸ್ ಮಾತ್ರ ಕೆಲಸ ಮಾಡುವುದಿಲ್ಲ. ಕೀಲಿ ಮತ್ತು ಪ್ರಮಾಣಪತ್ರದ ನಕಲನ್ನು ಬೇರೆ ಫೋಲ್ಡರ್‌ಗೆ ಹಾಕಿ, ಒಡೆತನವನ್ನು ಟರ್ನ್‌ಸರ್ವರ್ ಬಳಕೆದಾರನಿಗೆ ಕೊಡಿ. ನವೀಕರಣವಾದಾಗಲೆಲ್ಲ ಹೊಸ ನಕಲು ಹಾಕಿ ಕೋಟರ್ನ್ ಮರುಚಾಲನೆ ಮಾಡುವ ಪುಟ್ಟ ಸ್ಕ್ರಿಪ್ಟನ್ನು ಪ್ರಮಾಣಪತ್ರ ನವೀಕರಿಸುವ ಸರ್ಟ್‌ಬಾಟ್‌ಗೆ ಸೇರಿಸಿ. ಇದನ್ನು ಬಿಟ್ಟವರಿಗೆ ತಿಂಗಳುಗಟ್ಟಲೆ ಎಲ್ಲವೂ ಸರಿಯಿದ್ದು, ಒಂದು ಬೆಳಿಗ್ಗೆ ಎರಡೂ ಶಾಖೆಗಳ ಕರೆ ನಿಂತಿರುತ್ತದೆ.

ಬಾಡಿಗೆ ಸರ್ವರ್ ಕೂಡ ಒಳವಿಳಾಸದ ಹಿಂದೆ ಇರುವುದುಂಟು. ಹಾಗಿದ್ದರೆ ‘ಎಕ್ಸ್‌ಟರ್ನಲ್ ಐಪಿ’ ಸಾಲಿನಲ್ಲಿ ಹೊರವಿಳಾಸ, ಓರೆಗೆರೆ, ಒಳವಿಳಾಸ ಎಂಬ ಕ್ರಮದಲ್ಲಿ ಎರಡನ್ನೂ ಬರೆಯಿರಿ. ಇಲ್ಲವಾದರೆ ಕೋಟರ್ನ್ ಎದುರಿನವರಿಗೆ ತನ್ನ ಒಳವಿಳಾಸವನ್ನೇ ಕೊಟ್ಟು ಕೂರುತ್ತದೆ.

ದಾಟಿಸುವ ಕೆಲಸಕ್ಕೆ ಯುಡಿಪಿ 49152ರಿಂದ 65535ರವರೆಗಿನ ಪೋರ್ಟ್‌ಗಳು ಬೇಕು. ಇವನ್ನು, ಜೊತೆಗೆ 3478 ಮತ್ತು 443ನ್ನು, ಎರಡು ಕಡೆ ತೆರೆಯಬೇಕು: ಸರ್ವರ್‌ನೊಳಗಿನ ಫೈರ್‌ವಾಲ್‌ನಲ್ಲಿ ಒಮ್ಮೆ, ಬಾಡಿಗೆ ಕಂಪನಿಯ ನಿಯಂತ್ರಣ ಪುಟದಲ್ಲಿ ಇನ್ನೊಮ್ಮೆ. ಎರಡನೆಯದು ನೆನಪಾಗುವುದು ಅರ್ಧ ದಿನ ಕಳೆದ ಮೇಲೆ.

ಬೇರೆಯವರು ಕೋಟರ್ನ್ ಬಳಸದಂತೆ ಹಾಕುವ ಬೀಗಕ್ಕೆ ಸ್ಥಿರ ಗುಪ್ತಪದದ ವಿಧಾನ ಆರಿಸಿ, ಅದೇ ಗುಪ್ತಪದವನ್ನು ಜಿಟ್ಸಿ ಕಡೆ ಪ್ರೊಸೊಡಿ (ಜಿಟ್ಸಿಯೊಳಗಿನ ಸಂದೇಶ ಸರ್ವರ್) ಸೆಟ್ಟಿಂಗ್‌ನಲ್ಲೂ ಬರೆದು, ಸರ್ವರ್ ವಿಧ ‘ಟರ್ನ್ಸ್’ (ಟಿಎಲ್‌ಎಸ್ ಮೇಲಿನ ಟರ್ನ್), ಪೋರ್ಟ್ 443, ಸಾಗಣೆ ಟಿಸಿಪಿ ಎಂದು ಕೊಡಿ. ಈ ವಿಧಾನದಲ್ಲಿ ತಾತ್ಕಾಲಿಕ ಬಳಕೆದಾರ ಹೆಸರಿನಲ್ಲೇ ಅವಧಿ ಮುಗಿಯುವ ಸಮಯ ಅಡಗಿರುತ್ತದೆ. ಹಾಗಾಗಿ ಎರಡೂ ಸರ್ವರ್‌ಗಳ ಗಡಿಯಾರ ಒಂದೇ ಆಗಿರಬೇಕು. ಲಾಗ್‌ನಲ್ಲಿ 401 (ಗುರುತು ಸಾಬೀತಾಗಿಲ್ಲ) ಒಮ್ಮೆ ಕಂಡರೆ ಗಾಬರಿ ಬೇಡ, ಮೊದಲ ವಿನಂತಿಗೆ ಅದೇ ಸಹಜ ಉತ್ತರ. ಮತ್ತೆ ಮತ್ತೆ ಬಂದರೆ ಗುಪ್ತಪದ ಮತ್ತು ಗಡಿಯಾರ ನೋಡಿ.

ಇನ್ನೊಂದು ಸಾಲು ಕಡ್ಡಾಯ: 10, 172.16, 192.168, 169.254 ಸರಣಿಯ ಒಳವಿಳಾಸಗಳಿಗೆ ದಾಟಿಸಬಾರದು ಎಂಬ ನಿಷೇಧ. ಇಲ್ಲದಿದ್ದರೆ ಹೊರಗಿನವರು ನಿಮ್ಮ ಟರ್ನ್ ಸರ್ವರನ್ನೇ ಏಣಿ ಮಾಡಿಕೊಂಡು ಒಳಜಾಲಕ್ಕೆ ಇಳಿಯಬಹುದು.

ಹಂತ 4: ಕಚೇರಿಯ ಫೈರ್‌ವಾಲ್

ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಕೇಳಬೇಕಾದದ್ದು ಹೊರಹೋಗುವ ಅನುಮತಿ ಮಾತ್ರ: ಜಿಟ್ಸಿ ಸರ್ವರ್‌ಗೆ ಯುಡಿಪಿ 10000, ಎರಡೂ ಸರ್ವರ್‌ಗೆ ಟಿಸಿಪಿ 443. ಮೊದಲನೆಯದು ಸಿಕ್ಕರೆ ಗುಣಮಟ್ಟ ಚೆನ್ನ. ಸಿಗದಿದ್ದರೂ 443ರಲ್ಲಿ ಕರೆ ನಡೆಯುತ್ತದೆ, ಜಾಲ ನಿಧಾನವಾದಾಗ ಟಿಸಿಪಿ ಕಳೆದ ಪ್ಯಾಕೆಟ್‌ಗೆ ಕಾಯುವುದರಿಂದ ಚಿತ್ರ ತಡೆತಡೆದು ಬರುತ್ತದೆ. ಫೈರ್‌ವಾಲ್ 443ರ ಸಂಚಾರವನ್ನು ಬಿಚ್ಚಿ ನೋಡುವಂಥದ್ದಾದರೆ ಟರ್ನ್ ಸರ್ವರ್ ಹೆಸರಿಗೆ ಆ ತಪಾಸಣೆಯಿಂದ ವಿನಾಯಿತಿ ಬೇಕು. ಟರ್ನ್‌ನೊಳಗೆ ಹೋಗುವುದು ವೆಬ್ ಪುಟವಲ್ಲವಾದ್ದರಿಂದ ಅದು ಕತ್ತರಿಸಿಬಿಡುತ್ತದೆ.

ಹಂತ 5: ಪರೀಕ್ಷೆ

ಮೊಬೈಲ್ ಹಾಟ್‌ಸ್ಪಾಟ್‌ನಿಂದ ಕರೆ ಮಾಡಿ ‘ಬರ್ತಾ ಇದೆ’ ಎನ್ನುವುದು ಪರೀಕ್ಷೆಯಲ್ಲ. ಕಚೇರಿಯ ಫೈರ್‌ವಾಲ್ ಆ ದಾರಿಯಲ್ಲೇ ಇಲ್ಲ. ಫೈರ್‌ಫಾಕ್ಸ್‌ನ ಅಬೌಟ್-ಕಾನ್ಫಿಗ್ ಪುಟದಲ್ಲಿ ‘ರಿಲೇ ಓನ್ಲಿ’ (relay_only) ಎಂದು ಹುಡುಕಿ ಅದನ್ನು ‘ಟ್ರೂ’ ಮಾಡಿ. ಆಗ ಬ್ರೌಸರ್ ಟರ್ನ್ ದಾರಿಯನ್ನಷ್ಟೇ ಹಿಡಿಯುತ್ತದೆ. ಮೂವರು ಸೇರಿ, ಹತ್ತು ನಿಮಿಷ ಮಾತಾಡಿ. ಕ್ರೋಮ್‌ನವರು ಕರೆಯ ನಡುವೆ ವೆಬ್‌ಆರ್‌ಟಿಸಿ-ಇಂಟರ್ನಲ್ಸ್ ಪುಟ ತೆರೆದು, ಆಯ್ಕೆಯಾದ ಜೋಡಿಯಲ್ಲಿ ತಮ್ಮ ಕಡೆಯದು ‘ಹೋಸ್ಟ್’ (ಕಂಪ್ಯೂಟರ್‌ನದೇ ವಿಳಾಸ), ‘ಎಸ್‌ಆರ್‌ಎಫ್‌ಎಲ್‌ಎಕ್ಸ್’ (ಸ್ಟನ್ ತಿಳಿಸಿದ ಹೊರವಿಳಾಸ), ‘ರಿಲೇ’ ಇವುಗಳಲ್ಲಿ ಯಾವುದೆಂದು ನೋಡಬಹುದು. ‘ರಿಲೇ’ ಎಂದಿದ್ದರೆ ಟರ್ನ್ ಮೂಲಕ ಸಾಗುತ್ತಿದೆ.

ಇಬ್ಬರ ಕರೆ ತಲಾ 1.5 ಎಂಬಿಪಿಎಸ್‌ನಂತೆ ಟರ್ನ್ ಮೂಲಕ ಹಾದರೆ, ಆ ಸರ್ವರ್‌ನಿಂದ ಗಂಟೆಗೆ ಸುಮಾರು 1.35 ಜಿಬಿ ಹೊರಹೋಗುತ್ತದೆ. ಬಾಡಿಗೆ ಪ್ಲ್ಯಾನ್‌ನಲ್ಲಿ ತಿಂಗಳಿಗೆ ಎಷ್ಟು ಡೇಟಾ ಕೊಟ್ಟಿದ್ದಾರೆ ಎಂಬುದನ್ನು ಈ ಲೆಕ್ಕದೊಂದಿಗೆ ತಾಳೆ ನೋಡಿದ ಮೇಲೆಯೇ ಶಾಖೆಗಳಿಗೆ ಸಭೆಯ ಕೊಂಡಿ ಕಳಿಸಿ.