ಹೊಸ ಫೋನಿನ ಡಬ್ಬಿಯಲ್ಲಿ ಚಾರ್ಜರ್ ಇಲ್ವಾ? ದುಡ್ಡು ಕೊಡುವ ಮುಂಚೆ ಇಷ್ಟು ನೋಡಿಕೊಳ್ಳಿ

ತೊಗರಿ ರೊಕ್ಕ ಕೈಗೆ ಬರುವ ಜನವರಿ-ಫೆಬ್ರವರಿಯಲ್ಲಿ ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಯಾವುದಾದರೂ ಮೊಬೈಲ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ.

"ಅಣ್ಣಾ, ಚಾರ್ಜರ್ ಎಲ್ಲಿ ಅದರಿ?"

"ಕಂಪನಿಯವರು ಈಗ ಕೊಡಂಗಿಲ್ರಿ. ನಮ್ ಹತ್ರ ಅದ, ಎಂಟ್ನೂರಕ್ಕ ಹಾಕಿ ಕೊಡ್ತೀನಿ, ತಗೋರಿ."

ಅಷ್ಟೊತ್ತಿಗೆ ಡಬ್ಬಿ ಒಡೆದಾಗಿರುತ್ತದೆ, ದುಡ್ಡು ಕೊಟ್ಟಾಗಿರುತ್ತದೆ, ಹೊಸ ಫೋನಿನ ಪ್ಲಾಸ್ಟಿಕ್ ಹಾಳೆ ಕಿತ್ತಾಗಿರುತ್ತದೆ. ಇನ್ನೇನು ಮಾಡುತ್ತೀರಿ? ತಗೊಳ್ಳುತ್ತೀರಿ. ಅದಕ್ಕೇ ಈ ಕೆಲಸ ಅಂಗಡಿಯಲ್ಲಿ ಅಲ್ಲ, ಮನೆಯಲ್ಲೇ ಶುರುವಾಗಬೇಕು.

ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಇಯರ್‌ಫೋನ್, ಬ್ಯಾಕ್ ಕವರ್, ಗ್ಲಾಸ್ ಇವೆಲ್ಲ ಕಂಪನಿ ಕೊಡದಿದ್ದರೆ ನನಗೇನೂ ಬೇಜಾರಿಲ್ಲ. ಚಾರ್ಜರ್ ಆ ಸಾಲಿಗೆ ಸೇರುವುದಿಲ್ಲ. ಅದಿಲ್ಲದೆ ಫೋನ್ ಎರಡು ದಿನವೂ ನಡೆಯುವುದಿಲ್ಲ. ಖಾನಾವಳಿಯಲ್ಲಿ ರೊಟ್ಟಿ ಬಡಿಸಿ ಪಲ್ಯಕ್ಕೆ ಬೇರೆ ಬಿಲ್ ಹಾಕಿದ ಹಾಗೆ ಇದು. ಬೇಡ ಅನ್ನುವವರಿಗೆ ಬೇಡ, ಆದರೆ ಬೇಕು ಅನ್ನುವವರಿಗೆ ಅದೇ ಬೆಲೆಯಲ್ಲಿ ಸಿಗಬೇಕು. ಆಗದ ಮಾತೇನಲ್ಲ. 2020ರ ಕೊನೆಗೆ ಶವೋಮಿ ಚೀನಾದಲ್ಲಿ ಎಂಐ 11 ಬಿಟ್ಟಾಗ ಹೀಗೇ ಮಾಡಿತ್ತು: ಚಾರ್ಜರ್ ಇರುವ ಡಬ್ಬಿ, ಇಲ್ಲದ ಡಬ್ಬಿ, ಎರಡಕ್ಕೂ ಒಂದೇ ರೇಟು, ಯಾವುದು ಬೇಕೋ ಆರಿಸಿಕೊಳ್ಳಿ.

ಈ ಪದ್ಧತಿಯನ್ನು ಜೋರಾಗಿ ಶುರು ಮಾಡಿದ್ದು ಆಪಲ್. 2020ರ ಅಕ್ಟೋಬರಿನಲ್ಲಿ ಐಫೋನ್ 12 ಬಂದಾಗ ಚಾರ್ಜರ್, ಇಯರ್‌ಫೋನ್ ಎರಡನ್ನೂ ತೆಗೆದರು. ಪರಿಸರಕ್ಕೆ ಒಳ್ಳೆಯದು, ಡಬ್ಬಿ ಚಿಕ್ಕದಾಗುತ್ತದೆ, ಸಾಗಿಸುವಾಗ ಒಂದು ಅಟ್ಟಿಯಲ್ಲಿ ಶೇ 70ರಷ್ಟು ಜಾಸ್ತಿ ಡಬ್ಬಿ ಹಿಡಿಯುತ್ತವೆ ಅಂದರು. ಜನರ ಹತ್ತಿರ ಹಳೇ ಚಾರ್ಜರ್ ಇದ್ದೇ ಇರುತ್ತದೆ ಅಂತಲೂ ಹೇಳಿದರು. ಆದರೆ ಡಬ್ಬಿಯಲ್ಲಿಟ್ಟ ಕೇಬಲ್ಲಿನ ಒಂದು ತುದಿ ಟೈಪ್ ಸಿ! ಹಳೇ ಐಫೋನ್ ಇದ್ದವರಲ್ಲಿ ಬಹುತೇಕರ ಚಾರ್ಜರಿಗೆ ಇದ್ದದ್ದು ಅಗಲ ತೂತಿನ ಹಳೇ ಯುಎಸ್‌ಬಿ. ಹೊಸ ಕೇಬಲ್ ಅದಕ್ಕೆ ಹೋಗುವುದೇ ಇಲ್ಲ. ಸ್ಯಾಮ್‌ಸಂಗ್ ಮೊದಲು ಆಪಲ್‌ನ ಕಾಲೆಳೆಯಿತು, 2021ರ ಜನವರಿಯಲ್ಲಿ ಎಸ್21 ಬಿಟ್ಟಾಗ ತಾನೂ ಅದೇ ದಾರಿ ಹಿಡಿಯಿತು. ಆಮೇಲೆ ಈ ರೂಢಿ ದುಬಾರಿ ಫೋನಿನಿಂದ ಕೆಳಗೆ ಇಳಿಯುತ್ತಾ ಬಂತು. ಎಲ್ಲರೂ ಚಾರ್ಜರ್ ಬಿಟ್ಟಿಲ್ಲ, ಒಂದೇ ಕಂಪನಿಯ ಒಂದು ಮಾಡೆಲ್‌ನಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ತಲೆನೋವು ಇರುವುದೇ ಅಲ್ಲಿ.

ಮನೆಯಲ್ಲಿ ಕೂತು ಮಾಡುವ ಲೆಕ್ಕ

ತಗೊಳ್ಳಬೇಕೆಂದಿರುವ ಮಾಡೆಲ್ ಹೆಸರು ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ಡಬ್ಬಿಯೊಳಗೆ ಏನೇನು ಬರುತ್ತದೆ ಅನ್ನುವ ಪಟ್ಟಿ ನೋಡಿ. ಯೂಟ್ಯೂಬ್ ವಿಡಿಯೋ ಮೇಲೆ ಪೂರ್ತಿ ಭರವಸೆ ಇಡಬೇಡಿ, ಅದು ಬೇರೆ ದೇಶದ ಡಬ್ಬಿ ಇರಬಹುದು. ಚಾರ್ಜರ್ ಇಲ್ಲ ಅಂದರೆ ಅದರ ಬೆಲೆ ಸೇರಿಸಿ ಲೆಕ್ಕ ಹಾಕಿ. ಒಂದು ಫೋನ್ 14,999, ಇನ್ನೊಂದು 15,999 ಅಂದುಕೊಳ್ಳಿ. ಮೊದಲನೆಯದರಲ್ಲಿ ಚಾರ್ಜರ್ ಇಲ್ಲ, ಕಂಪನಿ ಚಾರ್ಜರ್ 1,299 ಆದರೆ ಅಗ್ಗದ್ದು ಯಾವುದು? ಎರಡನೆಯದೇ.

ಆಮೇಲೆ ಮನೆಯಲ್ಲಿರುವ ಹಳೇ ಚಾರ್ಜರ್ ಕೈಗೆ ತಗೊಳ್ಳಿ. ಅದರ ಮೈಮೇಲೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳಿರುತ್ತವೆ. ಕಣ್ಣಿಗೆ ಕಾಣಿಸದಿದ್ದರೆ ಫೋನ್ ಕ್ಯಾಮೆರಾದಲ್ಲಿ ಝೂಮ್ ಮಾಡಿ ಓದಿ. ಔಟ್‌ಪುಟ್ ಅನ್ನುವ ಸಾಲು ಹುಡುಕಿ. 5 ವೋಲ್ಟ್, 2 ಆಂಪಿಯರ್ ಅಂತಿದ್ದರೆ ಗುಣಿಸಿ, 10 ವ್ಯಾಟ್, ಅದೇ ಚಾರ್ಜರಿನ ಶಕ್ತಿ. 9 ವೋಲ್ಟ್, 2.22 ಆಂಪಿಯರ್ ಅಂದರೆ 20 ವ್ಯಾಟ್. 11 ವೋಲ್ಟ್, 3 ಆಂಪಿಯರ್ ಅಂದರೆ 33. ಕೆಲವದರಲ್ಲಿ 3.3ರಿಂದ 11 ವೋಲ್ಟ್ ಅಂತ ರೇಂಜ್ ಬರೆದಿರುತ್ತದೆ, ಅದು ಪಿಪಿಎಸ್, ಅಂದರೆ ಫೋನಿಗೆ ತಕ್ಕಂತೆ ವೋಲ್ಟ್ ಏರಿಳಿಸುವ ಪದ್ಧತಿ ಇರುವ ಚಾರ್ಜರ್. ಸ್ಯಾಮ್‌ಸಂಗ್‌ನ 25 ವ್ಯಾಟ್ ಫಾಸ್ಟ್ ಚಾರ್ಜಿಂಗ್ ಪೂರ್ತಿ ಸಿಗಬೇಕಾದರೆ ಇದೇ ಬೇಕು. ಬರೀ ಪಿಡಿ (ಹಲವು ಕಂಪನಿಗಳ ಫೋನಿಗೆ ಹೊಂದುವ ಫಾಸ್ಟ್ ಚಾರ್ಜಿಂಗ್ ಪದ್ಧತಿ) ಅಂತ ಬರೆದ ಚಾರ್ಜರ್ ಹಾಕಿದರೂ ಚಾರ್ಜ್ ಆಗುತ್ತದೆ, ಆದರೆ ನಿಧಾನ. ಒನ್‌ಪ್ಲಸ್, ಒಪ್ಪೊ, ರಿಯಲ್‌ಮಿಯವರದ್ದು ತಮ್ಮದೇ ಊಕ್ ಅನ್ನುವ ಫಾಸ್ಟ್ ಚಾರ್ಜಿಂಗ್ ಪದ್ಧತಿ, ಪೂರ್ತಿ ಸ್ಪೀಡ್ ಬೇಕಾದರೆ ಅವರದೇ ಚಾರ್ಜರ್, ಅವರದೇ ಕೇಬಲ್. ಪಕ್ಕದ ಮನೆಯವರ ಚಾರ್ಜರ್ 65 ವ್ಯಾಟಿನದು ಅಂತ ನಿಮ್ಮ ಫೋನೂ ಅಷ್ಟೇ ವೇಗದಲ್ಲಿ ತುಂಬುವುದಿಲ್ಲ. ಹಾಗಂತ ಜಾಸ್ತಿ ವ್ಯಾಟಿನ ಒಳ್ಳೇ ಚಾರ್ಜರ್ ಹಾಕಿದರೆ ಫೋನ್ ಸುಟ್ಟುಹೋಗುತ್ತದೆ ಅನ್ನುವ ಹೆದರಿಕೆಯೂ ಬೇಡ, ಫೋನ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಮನೆಯಲ್ಲಿ ಹಳೇ ಚಾರ್ಜರ್ ಇದ್ದೇ ಇರುತ್ತದೆ ಅನ್ನುವುದು ವರ್ಷಕ್ಕೊಮ್ಮೆ ಫೋನ್ ಬದಲಿಸುವವರ ಮನೆಯ ಲೆಕ್ಕ. ಅಫಜಲಪುರದ ಹಳ್ಳಿಯಲ್ಲೋ ಸುರಪುರದ ಹಳ್ಳಿಯಲ್ಲೋ ಕೀಪ್ಯಾಡ್ ಫೋನ್ ಬಿಟ್ಟು ಮೊದಲ ಸಲ ಸ್ಮಾರ್ಟ್‌ಫೋನ್ ತಗೊಳ್ಳುವ ಕಾಕಾನ ಹತ್ತಿರ ಇರುವ ಚಾರ್ಜರ್ ಎಂಥದ್ದು? ವೈರು ಅದಕ್ಕೇ ಅಂಟಿಕೊಂಡಿರುತ್ತದೆ, ತುದಿಯಲ್ಲಿ ಸಣ್ಣ ಪಿನ್ನು, ಕರೆಂಟೂ ಬಹಳ ಕಡಿಮೆ. ಹೊಸ ಫೋನಿಗೆ ಅದು ಯಾವ ಕೆಲಸಕ್ಕೂ ಬರುವುದಿಲ್ಲ. ಇನ್ನು ಸ್ಪೀಡಿನ ವಿಷಯ. 5000 ಎಂಎಎಚ್ ಬ್ಯಾಟರಿಗೆ 10 ವ್ಯಾಟ್ ಚಾರ್ಜರ್ ಹಾಕಿದರೆ ಎರಡೂವರೆಯಿಂದ ಮೂರು ಗಂಟೆ ಬೇಕು, 33 ವ್ಯಾಟಿನದು ಸುಮಾರು ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಸುತ್ತದೆ. ಕರೆಂಟ್ ಹೋಗಿ ಬಂದು ಮಾಡುವ ಊರಿನಲ್ಲಿ ಫಾಸ್ಟ್ ಚಾರ್ಜರ್ ಶೋಕಿ ಅಲ್ಲ. ಬೆಂಗಳೂರಿನಲ್ಲಿ ಆಫೀಸಿಗೆ ಹೋಗಿ ಲ್ಯಾಪ್‌ಟಾಪಿನಿಂದ ಚಾರ್ಜ್ ಮಾಡಿಕೊಳ್ಳುವವರಿಗೆ ಇದು ಸುಲಭಕ್ಕೆ ಅರ್ಥ ಆಗುವುದಿಲ್ಲ ಬಿಡಿ.

ಅಂಗಡಿಯಲ್ಲಿ

ಡಬ್ಬಿಯ ಹಿಂದಿನ ಸ್ಟಿಕ್ಕರ್ ಓದಿ. ಎಂಆರ್‌ಪಿ, ತಯಾರಾದ ತಿಂಗಳು, ಒಳಗೇನಿದೆ, ದೂರಿಗೆ ಯಾರನ್ನು ಕೇಳಬೇಕು ಎಲ್ಲ ಅಲ್ಲೇ ಇರುತ್ತದೆ. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನಿಗೆಲ್ಲ ಟೈಪ್ ಸಿ ಕಡ್ಡಾಯ, ಚಾರ್ಜರ್ ಇಲ್ಲದೆ ಕೊಳ್ಳುವ ಅವಕಾಶವೂ ಇರಬೇಕು, ಒಳಗೆ ಚಾರ್ಜರ್ ಇದೆಯೋ ಇಲ್ಲವೋ ಅಂತ ಡಬ್ಬಿ ಮೇಲೆ ಚಿತ್ರ ಹಾಕಬೇಕು. ನಮ್ಮಲ್ಲಿ ಅಂಥ ಚಿತ್ರ ಬಂದರೆ ಓದಲು ಬಾರದವರಿಗೂ ಗೊತ್ತಾಗುತ್ತದೆ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಬ್ರೆಜಿಲ್‌ನವರು ಇನ್ನೂ ಖಡಕ್. 2022ರ ಸೆಪ್ಟೆಂಬರಿನಲ್ಲಿ ಚಾರ್ಜರ್ ಇಲ್ಲದ ಐಫೋನ್ ಮಾರಬಾರದು ಅಂತ ಅಲ್ಲಿನ ಸರ್ಕಾರ ಆದೇಶ ಮಾಡಿ ಆಪಲ್‌ಗೆ ದಂಡವನ್ನೂ ಹಾಕಿತು.

ಸೀಲ್ ನಿಮ್ಮ ಎದುರಿಗೇ ಒಡೆಯಲಿ. *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನದೇ ಗುರುತಿನ ನಂಬರ್ ಬರುತ್ತದೆ, ಡಬ್ಬಿ ಮೇಲಿರುವುದಕ್ಕೆ, ಬಿಲ್ಲಿನಲ್ಲಿರುವುದಕ್ಕೆ ತಾಳೆ ಮಾಡಿ. ಇಂಗ್ಲಿಷಿನಲ್ಲಿ ಕೆವೈಎಂ (KYM) ಅಂತ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿದರೆ ಫೋನಿನ ಜಾತಕ ಬರುತ್ತದೆ.

ಇನ್ನು ಅಂಗಡಿಯವರ ಫ್ರೀ ಕಾಂಬೋ. "ಕವರ್ ಫ್ರೀ, ಗ್ಲಾಸ್ ಫ್ರೀ, ನೆಕ್‌ಬ್ಯಾಂಡ್ ಫ್ರೀ" ಅಂದಾಗ ಒಂದೇ ಒಂದು ಪ್ರಶ್ನೆ ಕೇಳಿ: "ಇವು ಯಾವೂ ಬ್ಯಾಡ್ರಿ ಅಣ್ಣಾ, ಬರೀ ಫೋನ್ ಎಷ್ಟಕ್ಕೆ ಬಿಡ್ತೀರಿ?" ರೇಟು ಇಳಿದರೆ ಅದು ಫ್ರೀ ಆಗಿರಲಿಲ್ಲ ಅಂತ ಅರ್ಥ. ಇಳಿಯದಿದ್ದರೆ ಕೊಟ್ಟಿದ್ದು ತಗೊಂಡು ಬನ್ನಿ, ಬಿಡುವುದ್ಯಾಕೆ? ಆದರೆ ನೆಕ್‌ಬ್ಯಾಂಡಿಗಿಂತ ಒಳ್ಳೇ ಚಾರ್ಜರ್ ಕೇಳಿ ಜಗ್ಗಾಡುವುದು ಬುದ್ಧಿವಂತಿಕೆ. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಆನ್‌ಲೈನ್ ರೇಟಿನ ಮುಂದೆ ಫೋನಿನಲ್ಲಿ ಅವರಿಗೆ ಉಳಿಯುವುದು ಅಷ್ಟಕ್ಕಷ್ಟೇ, ಕವರು ಗ್ಲಾಸಿನಲ್ಲೇ ಅವರ ಸಂಸಾರ ನಡೆಯಬೇಕು.

ಫೈನಾನ್ಸಿನಲ್ಲಿ ತಗೊಳ್ಳುವವರು ಇನ್ನೂ ಹುಷಾರಾಗಿರಿ. ಸಹಿ ಹಾಕುವ ಮುಂಚೆ ಸಾಲದ ಮೊತ್ತ ನೋಡಿ. ಫೋನಿನ ಬೆಲೆಗಿಂತ ಜಾಸ್ತಿ ಇದ್ದರೆ, ಚಾರ್ಜರ್, ಸ್ಕ್ರೀನ್ ಇನ್ಶೂರೆನ್ಸ್, ಎಕ್ಸ್‌ಟ್ರಾ ವಾರಂಟಿ ಯಾವುದೋ ಒಂದು ನಿಮಗೆ ಹೇಳದೆಯೇ ಒಳಗೆ ಸೇರಿಕೊಂಡಿರಬಹುದು. ಬೇಡ ಅಂದರೆ ತೆಗೆಸಿ. ಬೀದರಿನವರು ಹೈದರಾಬಾದಿಗೆ ಹೋಗಿ ತರುವುದಿದ್ದರೆ ನಾಲ್ಕು ನೂರು ಉಳಿಯಿತು ಅಂತ ಬಿಲ್ ಬಿಟ್ಟು ಬರಬೇಡಿ.

ಚಾರ್ಜರ್ ಬೇರೆ ತಗೊಳ್ಳುವಾಗ

ಹೆಚ್ಚು ಹುಷಾರಾಗಿರಬೇಕಾದದ್ದು ಇಲ್ಲೇ. ಕಂಪನಿ ಡಬ್ಬಿಯಿಂದ ಚಾರ್ಜರ್ ತೆಗೆದ ಮೇಲೆ ಆ ಜಾಗ ತುಂಬಿದ್ದು ನೂರೈವತ್ತು, ಇನ್ನೂರು ರೂಪಾಯಿಯ ಡೂಪ್ಲಿಕೇಟ್ ಮಾಲು. ದೊಡ್ಡ ಕಂಪನಿ ಹೆಸರು, ಥೇಟ್ ಅದೇ ಅಕ್ಷರ, ಕೈಯಲ್ಲಿ ಹಿಡಿದರೆ ಖಾಲಿ ಬೆಂಕಿಪೊಟ್ಟಣದಷ್ಟು ಹಗುರ. ಗೋಡೆಯ 230 ವೋಲ್ಟ್‌ಗೂ ನಿಮ್ಮ ಬೆರಳಿಗೂ ನಡುವೆ ಇರುವುದು ಅದೊಂದೇ, ಅದರೊಳಗಿನ ಇನ್ಸುಲೇಶನ್ ಸರಿ ಇಲ್ಲದಿದ್ದರೆ ಹಾಳಾಗುವುದು ಬರೀ ಫೋನ್ ಅಲ್ಲ.

ನಮ್ಮ ದೇಶದಲ್ಲಿ ಮಾರುವ ಚಾರ್ಜರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಚಾರ್ಜರ್ ಮೈಮೇಲೆ ಬಿಐಎಸ್ ಗುರುತು, ಐಎಸ್ ಅಂತ ಶುರುವಾಗುವ ನಂಬರ್, ಆರ್ ಅಕ್ಷರದ ಮುಂದೆ 8 ಅಂಕಿಯ ನೋಂದಣಿ ನಂಬರ್ ಇರಬೇಕು. ಬಿಐಎಸ್ ಕೇರ್ ಅನ್ನುವ ಸರ್ಕಾರಿ ಆಪ್ ಇಳಿಸಿಕೊಂಡು ಆ ಆರ್ ನಂಬರ್ ಹಾಕಿ ನೋಡಿ. ತಯಾರಿಸಿದವರು ಯಾರು, ಯಾವ ವಸ್ತುವಿಗೆ ಕೊಟ್ಟ ನಂಬರ್ ಅಂತ ತೋರಿಸುತ್ತದೆ. ನಂಬರ್ ಹಾಕಿದಾಗ ಪವರ್ ಬ್ಯಾಂಕೋ ಟಿವಿಯೋ ಬಂದರೆ ಸುಮ್ನೆ ವಾಪಸ್ ಇಟ್ಟು ಬನ್ನಿ. ಅಂಗಡಿಯ ಕೌಂಟರ್ ಮುಂದೆಯೇ ನಿಂತು ಮಾಡಿ, ನಾಚಿಕೆ ಬೇಡ.

ಕೇಬಲ್ ವಿಷಯದಲ್ಲಿ ಎರಡೇ ಮಾತು. ತುದಿ ನಿಮ್ಮ ಚಾರ್ಜರಿಗೆ ಹೊಂದಬೇಕು. ಮತ್ತೆ ಟೈಪ್ ಸಿಯಿಂದ ಟೈಪ್ ಸಿ ಕೇಬಲ್ ಆದರೆ ಅದು 3 ಆಂಪಿಯರಿನದೋ 5 ಆಂಪಿಯರಿನದೋ ಅಂತ ಕೇಳಿ, 60 ವ್ಯಾಟ್ ದಾಟುವುದಿದ್ದರೆ 5ರದ್ದೇ ಬೇಕು.

ಬಿಲ್ಲಿನಲ್ಲಿ ಚಾರ್ಜರ್ ಬೇರೆ ಸಾಲಿನಲ್ಲಿ ಬರಲಿ, ಅದರ ವಾರಂಟಿ ಬೇರೆ ಇರುತ್ತದೆ. ಎಂಆರ್‌ಪಿಗಿಂತ ಜಾಸ್ತಿ ಕೇಳುವ ಹಾಗಿಲ್ಲ.

ಮತ್ತೆ ನಮ್ಮ ಬಿಸಿಲು. ಫೋನ್ ಚಾರ್ಜ್ ಮಾಡಲು ಸುತ್ತಲಿನ ತಾಪ 35 ಡಿಗ್ರಿ ಒಳಗಿರಲಿ ಅಂತ ಆಪಲ್ ಹೇಳುತ್ತದೆ. ಏಪ್ರಿಲ್-ಮೇನಲ್ಲಿ ಕಲಬುರಗಿ 42-43 ಮುಟ್ಟುತ್ತದೆ, ತಗಡಿನ ಮನೆಯೊಳಗೆ ಕೇಳುವುದೇ ಬೇಡ. ಬ್ಯಾಟರಿ ಬಿಸಿಯಾದರೆ ಫೋನ್ ತಾನೇ ಚಾರ್ಜಿಂಗ್ ನಿಧಾನ ಮಾಡುತ್ತದೆ, ಇಲ್ಲವೇ ನಿಲ್ಲಿಸುತ್ತದೆ. ಅದು ಹೊಸ ಚಾರ್ಜರಿನ ತಪ್ಪಲ್ಲ. ಮಧ್ಯಾಹ್ನ ಬಿಟ್ಟು ನಸುಕಿನಲ್ಲಿ ಹಾಕಿ, ದಪ್ಪ ಕವರ್ ತೆಗೆದು ಹಾಕಿ, ದಿಂಬಿನ ಕೆಳಗೆ ಮಾತ್ರ ಇಡಲೇಬೇಡಿ.

ಇಯರ್‌ಫೋನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫ್ರಾನ್ಸಿನಲ್ಲಿ 2022ರ ಶುರುವಿನವರೆಗೂ ಫೋನಿನ ಜೊತೆ ಕೊಡಲೇಬೇಕು ಅಂತ ಕಾನೂನಿತ್ತು, ಮಕ್ಕಳ ತಲೆಗೆ ವಿಕಿರಣ ತಾಗಬಾರದು ಅಂತ. ಈಗ ಅಲ್ಲೂ ಇಲ್ಲ. ಫೋನಿನಲ್ಲಿ ಎಫ್‌ಎಂ ಕೇಳುವ ಅಭ್ಯಾಸ ಇದ್ದರೆ ವೈರಿನದೇ ತಗೊಳ್ಳಿ, ಸಾಮಾನ್ಯವಾಗಿ ಆ ವೈರೇ ಆಂಟೆನಾ. ಗ್ಲಾಸ್ ಹಾಕಿಸುವಾಗ ಅಂಚು ಬಾಗಿದ ಡಿಸ್‌ಪ್ಲೇ ಇದ್ದರೆ ಗೋಂದು ಹಚ್ಚಿ ಲೈಟ್ ಹಿಡಿಯುವ ಗ್ಲಾಸ್ ಬೇಡ ಅನ್ನಿ, ಗೋಂದು ಸ್ಪೀಕರ್ ತೂತಿಗೆ ಇಳಿದರೆ ಕಷ್ಟ.

ಆನ್‌ಲೈನ್‌ನಲ್ಲಿ ತರಿಸಿದರೆ ಪಾರ್ಸೆಲ್ ಬಿಚ್ಚುವುದನ್ನು ಕಟ್ ಮಾಡದೆ ವಿಡಿಯೋ ಮಾಡಿ, ಶುರುವಿನಲ್ಲೇ ವಿಳಾಸದ ಚೀಟಿ ಕಾಣಿಸಲಿ. ಪಟ್ಟಿಯಲ್ಲಿ ಚಾರ್ಜರ್ ಇದೆ ಅಂದು ಡಬ್ಬಿಯಲ್ಲಿ ಇಲ್ಲದಿದ್ದರೆ, ಅಥವಾ ತಗೊಂಡ ಚಾರ್ಜರ್ ವಾರಂಟಿಯಲ್ಲೇ ಕೆಟ್ಟು ಯಾರೂ ಕೇಳದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ. ಬಿಲ್, ಡಬ್ಬಿ, ವಿಡಿಯೋ ಮೂರೂ ವಾರಂಟಿ ಮುಗಿಯುವವರೆಗೆ ಇರಲಿ. ಅಟ್ಟ ಸ್ವಚ್ಛ ಮಾಡುವಾಗ ಡಬ್ಬಿ ರದ್ದಿಗೆ ಹೋಗದ ಹಾಗೆ ಮನೆಯವರಿಗೂ ಒಂದು ಮಾತು ಹೇಳಿಡಿ.