ಹಳೆಯ ಗಿಟಾರಿನಿಂದಲೇ ಸ್ಟೀಲ್ ಗಿಟಾರ್: ನಾನು ಶುರು ಮಾಡಿಸುವ ಬಗೆ

ತಂತಿಯನ್ನು ಬೆರಳಿನಿಂದ ಒತ್ತದೆ, ಅದರ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುವುದು ಸ್ಟೀಲ್ ಗಿಟಾರ್. ಅದನ್ನು ಕಲಿಯಬೇಕು ಅಂದವರನ್ನು ನಾನು ಮೊದಲು ಕೇಳುವುದು ಎಷ್ಟು ಖರ್ಚು ಮಾಡುತ್ತೀರಿ ಎಂದಲ್ಲ. ವಾದ್ಯವನ್ನು ಎದೆಗೆ ಆನಿಸಿ ನುಡಿಸುತ್ತೀರೋ, ತೊಡೆಯ ಮೇಲೆ ಮಲಗಿಸಿ ನುಡಿಸುತ್ತೀರೋ ಎಂದು. ಇದೊಂದು ತೀರ್ಮಾನವಾದರೆ ತಂತಿಯ ದಪ್ಪ, ತಂತಿಯ ಎತ್ತರ, ಶ್ರುತಿ, ಎಡಗೈಯಲ್ಲಿ ಹಿಡಿಯುವ ವಸ್ತು ಎಲ್ಲವೂ ತಾವಾಗಿಯೇ ತೀರ್ಮಾನವಾಗುತ್ತವೆ. ಇದನ್ನು ಬಿಟ್ಟು ಮೊದಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಎರಡು ಸಲ ದುಡ್ಡು ಕೊಡುತ್ತಾರೆ.

ಎದೆಗೆ ಆನಿಸಿ ನುಡಿಸುವುದು ಸ್ಲೈಡ್ ಗಿಟಾರ್. ಬೆರಳಿಗೆ ಗಾಜಿನ ಅಥವಾ ಲೋಹದ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುತ್ತಾರೆ. ಕೊಳವೆಯನ್ನು ಕಿರುಬೆರಳಿಗೆ ಹಾಕಿಕೊಂಡರೆ ಉಳಿದ ಮೂರು ಬೆರಳುಗಳಿಂದ ಎಂದಿನಂತೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಹಿಡಿಯಬಹುದು. ಉಂಗುರ ಬೆರಳಿಗೆ ಹಾಕಿದರೆ ಹಿಡಿತ ಗಟ್ಟಿ, ಆದರೆ ಕಾರ್ಡ್ ಕಷ್ಟ. ಮುಂಬಯಿಯಲ್ಲಿ ಇದಕ್ಕೆ ಅಗ್ಗದ ದಾರಿ ನಾಗದೇವಿ ಸ್ಟ್ರೀಟಿನ ಟೂಲ್ಸ್ ಅಂಗಡಿಗಳಲ್ಲಿದೆ. ಬೋಲ್ಟ್ ಬಿಚ್ಚುವ ಉದ್ದನೆಯ ಡೀಪ್ ಸಾಕೆಟ್ ಕೇಳಿ, ಅಲ್ಲೇ ಬೆರಳಿಗೆ ಹಾಕಿ ನೋಡಿ. ಎರಡನೆಯ ಗೆಣ್ಣಿನವರೆಗೆ ಇಳಿದು ನಿಲ್ಲಬೇಕು. ಸಡಿಲವಿದ್ದರೆ ಒಳಗೆ ಮೈಕ್ರೋಪೋರ್ ಟೇಪ್ ಸುತ್ತಿದರಾಯಿತು. ಎಸಿ ರಿಪೇರಿಯವರ ತಾಮ್ರದ ಪೈಪ್ ತುಂಡು ಬೇಡ. ಅದರ ಗೋಡೆ ತೆಳು, ತೂಕವಿಲ್ಲ, ನಾದ ಬೇಗ ಸತ್ತುಹೋಗುತ್ತದೆ.

ಮಲಗಿಸಿ ನುಡಿಸುವವುಗಳಲ್ಲಿ ಕುಲ ಹಲವು. ಹವಾಯಿ ದ್ವೀಪದ ಜೋಸೆಫ್ ಕೆಕುಕು 19ನೆಯ ಶತಮಾನದ ಕೊನೆಯಲ್ಲಿ ಈ ಪದ್ಧತಿ ಶುರು ಮಾಡಿದ ಎನ್ನುತ್ತಾರೆ; ನಮ್ಮಲ್ಲಿ ಇಂದಿಗೂ ಅದರ ಹೆಸರು ಹವಾಯಿಯನ್ ಗಿಟಾರ್. ಮರದ ಪೆಟ್ಟಿಗೆಯ ಸದ್ದು ಸಾಲದೆಂದು ಅಮೆರಿಕದಲ್ಲಿ 1920ರ ದಶಕದಲ್ಲಿ ಒಳಗೆ ಅಲ್ಯೂಮಿನಿಯಂ ಶಂಕುಗಳನ್ನಿಟ್ಟರು. 1927ರ ನ್ಯಾಷನಲ್ ಕಂಪನಿಯ ಗಿಟಾರಿನಲ್ಲಿ ಮೂರು ಶಂಕು, 1928ರ ಡೋಬ್ರೋ ಗಿಟಾರಿನಲ್ಲಿ ಬೋಗುಣಿಯಂತೆ ಅಂಗಾತ ಇಟ್ಟ ಒಂದೇ ದೊಡ್ಡ ಶಂಕು. ಇವೇ ರೆಸೊನೇಟರ್‌ಗಳು. 1932ರಲ್ಲಿ ರಿಕನ್‌ಬ್ಯಾಕರ್‌ನ ವಿದ್ಯುತ್ ಲ್ಯಾಪ್ ಸ್ಟೀಲ್, ಅಂದರೆ ತೊಡೆಯ ಮೇಲಿಟ್ಟು ನುಡಿಸುವ ವಿದ್ಯುತ್ ಗಿಟಾರ್, ಮಾರುಕಟ್ಟೆಗೆ ಬಂತು. ಅದಕ್ಕೆ ಕಾಲು ಜೋಡಿಸಿ, ಪೆಡಲ್ ಮತ್ತು ಮೊಣಕಾಲಿನ ಲಿವರ್ ಸೇರಿಸಿದರೆ ಪೆಡಲ್ ಸ್ಟೀಲ್. ಸಾಮಾನ್ಯವಾಗಿ ಹತ್ತು ತಂತಿ, ಮೂರು ಪೆಡಲ್, ನಾಲ್ಕೈದು ಲಿವರ್. ಹೊಸಬರು ಅದರ ತಂಟೆಗೆ ಹೋಗಬೇಡಿ, ರಿಪೇರಿಗೇ ಇಲ್ಲಿ ಜನ ಸಿಗುವುದಿಲ್ಲ.

ಇನ್ನು ನಮ್ಮವು. ಹಿಂದೀ ಚಿತ್ರಸಂಗೀತದಲ್ಲಿ ವ್ಯಾನ್ ಶಿಪ್ಲೆ ಇದೇ ಮುಂಬಯಿಯಲ್ಲಿ ಈ ನಾದವನ್ನು ಮನೆಮನೆಗೆ ಮುಟ್ಟಿಸಿದರು. ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ರಾಗ ನುಡಿಸಿ ತೋರಿಸಿದರು. ವಿಶ್ವಮೋಹನ ಭಟ್ಟರ ಮೋಹನವೀಣೆಗೆ ಮೂರು ಮುಖ್ಯ ತಂತಿ, ಐದು ಶ್ರುತಿ ತಂತಿ, ಹನ್ನೆರಡು ತರಬು, ಅಂದರೆ ಮೀಟದೆಯೇ ಜೊತೆಗೆ ಅನುರಣಿಸುವ ತಂತಿ. ಅವರಿಗೆ 1994ರಲ್ಲಿ ಗ್ರಾಮಿ ಬಂತು. ದೇಬಾಶಿಶ್ ಭಟ್ಟಾಚಾರ್ಯರ ಚತುರಂಗಿ ಇನ್ನೊಂದು ಕವಲು. ಮಾಟುಂಗಾ, ಸಯನ್ ಕಡೆಯ ಸಭೆಗಳಲ್ಲಿ ಕರ್ನಾಟಕ ಸಂಗೀತದ ಚಿತ್ರವೀಣೆ ಕೇಳಿದವರಿಗೆ ಇದಾವುದೂ ಪರಕೀಯ ಅನ್ನಿಸಬೇಕಾಗಿಲ್ಲ. ಅಲ್ಲೂ ಮೆಟ್ಟಿನ ಮೇಲೆ ಬೆರಳೊತ್ತುವುದಿಲ್ಲ, ಅಲ್ಲೂ ಒಂದು ಕೊರಡು ತಂತಿಯ ಮೇಲೆ ಜಾರುತ್ತದೆ.

ಶುರು ಮಾಡಲು ಇವುಗಳಲ್ಲಿ ಯಾವುದನ್ನೂ ಕೊಳ್ಳಬೇಕಾಗಿಲ್ಲ. ಅಟ್ಟದ ಮೇಲೆ ಬಿದ್ದಿರುವ, ಲೋಹದ ತಂತಿಯ ಅಕೌಸ್ಟಿಕ್ ಗಿಟಾರ್ ಸಾಕು. ಕೊರಳು ಸ್ವಲ್ಪ ಬಾಗಿದ್ದರೂ, ಅದರ ಮೇಲಿನ ಲೋಹದ ಅಡ್ಡಪಟ್ಟಿಗಳು, ಅಂದರೆ ಫ್ರೆಟ್‌ಗಳು, ಸವೆದಿದ್ದರೂ ಅಡ್ಡಿಯಿಲ್ಲ. ತಂತಿ ಫ್ರೆಟ್ಟಿಗೆ ತಾಗುವುದೇ ಇಲ್ಲವಲ್ಲ. ನೋಡಬೇಕಾದದ್ದು ಬ್ರಿಜ್, ಅಂದರೆ ತಂತಿಗಳು ಪೆಟ್ಟಿಗೆಗೆ ಕಟ್ಟಿಕೊಂಡಿರುವ ಮರದ ಪಟ್ಟಿ. ಅದರ ಹಿಂಬದಿಯ ಅಂಚಿಗೆ ಒಂದು ಕಾಗದ ತೂರಿಸಿ. ಒಳಗೆ ಹೋದರೆ ಅಂಟು ಬಿಡುತ್ತಿದೆ ಎಂದರ್ಥ, ಆ ಗಿಟಾರ್ ಬೇಡ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಅಂತೂ ಬೇಡವೇ ಬೇಡ. ನೈಲಾನಿನ ಮೇಲೆ ಬಾರ್, ಅಂದರೆ ಎಡಗೈಯಲ್ಲಿ ಹಿಡಿದು ಜಾರಿಸುವ ಲೋಹದ ತುಂಡು, ಇಟ್ಟರೆ ನಾದ ಹುಟ್ಟುವುದಿಲ್ಲ, ಅದಕ್ಕೆ ಲೋಹದ ತಂತಿ ಕಟ್ಟಿದರೆ ಬ್ರಿಜ್ ಕಿತ್ತು ಬರುತ್ತದೆ.

ಗಿಟಾರನ್ನು ಮಲಗಿಸಿ ನುಡಿಸಲು ಬೇಕಾದ ಮುಖ್ಯ ಬದಲಾವಣೆ ಒಂದೇ, ತಂತಿಯನ್ನು ಎತ್ತರಿಸುವುದು. ಕೊರಳಿನ ತುದಿಯಲ್ಲಿ ತಂತಿ ಹಾಯುವ ಬಿಳಿ ಪಟ್ಟಿ ಇದೆಯಲ್ಲ, ಆ ನಟ್ಟಿನ ಮೇಲೆ ಕೂರುವ ಎಕ್ಸ್‌ಟೆನ್ಶನ್ ನಟ್ ಎಂಬ ಲೋಹದ ತೊಡಿಗೆ ಸಿಗುತ್ತದೆ. ಧೋಬಿ ತಲಾವ್‌ನ ವಾದ್ಯದ ಅಂಗಡಿಗಳಲ್ಲಿ ಕೇಳಿ, ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಕೈಯಾರೆ ಮಾಡುವುದಾದರೆ 12 ಮಿ.ಮೀ. ಅಲ್ಯೂಮಿನಿಯಂ ಆ್ಯಂಗಲ್ ತುಂಡನ್ನು ನಟ್ಟಿನ ಅಗಲಕ್ಕೆ, ಅಂದರೆ ಸುಮಾರು 43 ಮಿ.ಮೀ.ಗೆ, ಕತ್ತರಿಸಿ ನಟ್ಟಿನ ಮೇಲೆ ಕೂರಿಸಿ. ಮೇಲಂಚಿನಲ್ಲಿ ಸಣ್ಣ ಅರದಿಂದ ಆರು ಗೀರು ಹಾಕಿ. ಗೀರು ತಂತಿಯ ಅರ್ಧ ದಪ್ಪದಷ್ಟು ಆಳವಿರಲಿ, ಬಿರಡೆಯ ಕಡೆಗೆ ತುಸು ಇಳಿಜಾರಾಗಿರಲಿ. ಇಳಿಜಾರು ಇಲ್ಲದಿದ್ದರೆ ತಂತಿ ಸಿತಾರಿನಂತೆ ಝೇಂಕರಿಸುತ್ತದೆ. ಆರೂ ಗೀರುಗಳಲ್ಲಿ ತಂತಿಯ ಮೇಲ್ಮೈ ಒಂದೇ ಮಟ್ಟದಲ್ಲಿರಬೇಕು. ಒಂದು ತಗ್ಗಿದ್ದರೆ ಬಾರ್ ಅದನ್ನು ಮುಟ್ಟದೆ ಹಾರಿಹೋಗುತ್ತದೆ. ನಟ್ಟಿನ ಹತ್ತಿರ ಫ್ರೆಟ್ಟಿನಿಂದ ತಂತಿಗೆ ಸುಮಾರು 8 ಮಿ.ಮೀ. ಅಂತರ ಸಿಕ್ಕರೆ ಸಾಕು. ಸ್ಲೈಡ್ ನುಡಿಸುವವರಿಗೆ ಇಷ್ಟೆಲ್ಲ ಬೇಡ, ಎಂದಿನದಕ್ಕಿಂತ ತುಸು ಎತ್ತರವಾದರೆ ಆಯಿತು.

ಬಾರ್ ವಿಷಯದಲ್ಲಿ ಮಾತ್ರ ಕಂಜೂಸಿ ಬೇಡ. ತೂಕವಿಲ್ಲದ ಬಾರನ್ನು ಒತ್ತಿ ಹಿಡಿಯಬೇಕಾಗುತ್ತದೆ, ಒತ್ತಿದರೆ ತಂತಿ ಬಗ್ಗಿ ಸ್ವರ ಏರುತ್ತದೆ. ಬಾರಿನ ತೂಕವೇ ಒತ್ತಬೇಕು, ಕೈ ದಾರಿ ತೋರಿಸಿದರೆ ಸಾಕು. ನಾನು ಮಾಡಿಸುವುದು 304 ದರ್ಜೆಯ ಸ್ಟೇನ್‌ಲೆಸ್ ಸಲಾಕೆಯಲ್ಲಿ: 19 ಮಿ.ಮೀ. ವ್ಯಾಸ, 75 ಮಿ.ಮೀ. ಉದ್ದ, ತೂಕ ಸುಮಾರು 165 ಗ್ರಾಂ. ಸಾಕಿನಾಕಾ, ಭಾಂಡುಪ್ ಕಡೆಯ ಗಾಳಾಗಳಲ್ಲಿ, ಅಂದರೆ ಸಣ್ಣ ವರ್ಕ್‌ಶಾಪುಗಳಲ್ಲಿ, ಯಾವ ಲೇತ್‌ನವರಾದರೂ ಮಾಡಿಕೊಡುತ್ತಾರೆ. ಒಂದು ತುದಿ ಬಂದೂಕಿನ ಗುಂಡಿನಂತೆ ದುಂಡಗಿರಲಿ, ಇನ್ನೊಂದು ತುದಿಯಲ್ಲಿ ಹೆಬ್ಬೆರಳು ಕೂರುವಷ್ಟು ಕುಳಿ ಇರಲಿ. ಲೇತ್‌ನಿಂದ ಇಳಿಸಿದ ಬಾರನ್ನು ಹಾಗೇ ತರಬೇಡಿ. ಅದರ ಮೈಮೇಲೆ ಸ್ಕ್ರೂ ಎಳೆಯಂಥ ಸಣ್ಣ ಗೆರೆಗಳಿರುತ್ತವೆ, ಕಣ್ಣಿಗೆ ಕಾಣದಿದ್ದರೂ ಉಗುರು ಎಳೆದರೆ ತಿಳಿಯುತ್ತದೆ. ತಂತಿಯ ಮೇಲೆ ಜಾರಿಸಿದಾಗ ಪ್ರತಿಯೊಂದು ಗೆರೆಯೂ ಕರಕರ ಅನ್ನುತ್ತದೆ. ಕನ್ನಡಿಯಂತೆ ಹೊಳೆಯುವವರೆಗೆ ಬಫಿಂಗ್ ಮಾಡಿಸಿ. ಕ್ರೋಮ್ ಲೇಪನ ಬೇಡ, ಅದು ಎದ್ದರೆ ಬಾರ್ ಕೆಲಸಕ್ಕೆ ಬಾರದು.

ತಂತಿಗೆ 13ರಿಂದ 56ರ ಬ್ರಾಂಜ್ ಸೆಟ್ ಕೇಳಿ; ಈ ಸಂಖ್ಯೆಗಳು ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ. ಅಂಗಡಿಯವರು ಹೊಸಬರೆಂದು 10ರ ತೆಳು ಸೆಟ್ ಕೊಡುತ್ತಾರೆ. ಬೆರಳಿನಿಂದ ಒತ್ತುವವರಿಗೆ ಅದು ಸರಿ, ನಮಗಲ್ಲ. ತೆಳು ತಂತಿ ಬಾರಿನ ಕೆಳಗೆ ಜೋಲಿ ಹೊಡೆಯುತ್ತದೆ.

ಶ್ರುತಿಯನ್ನು ಓಪನ್ ಡಿಯಿಂದ, ಅಂದರೆ ಖಾಲಿ ತಂತಿಗಳೇ ಡಿ ಕಾರ್ಡ್ ನುಡಿಯುವ ಶ್ರುತಿಯಿಂದ, ಶುರು ಮಾಡಿ. ದಪ್ಪ ತಂತಿಯಿಂದ ಸಣ್ಣದಕ್ಕೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ನಮ್ಮ ಲೆಕ್ಕದಲ್ಲಿ ಸ ಪ ಸ ಗ ಪ ಸ. ಹಾರ್ಮೋನಿಯಂನಲ್ಲಿ ಇದು ಬಿಳಿ ಎರಡು, ಇಲ್ಲಿನ ಮರಾಠಿ ಹಾಡುಗಾರರ ಪಾಂಢರಿ ದೋನ್. ಎಲ್ಲಕ್ಕಿಂತ ಸಣ್ಣದು ಒಂದನೆಯ ತಂತಿ, ದಪ್ಪದ್ದು ಆರನೆಯದು; ಒಂದು ಮನೆ ಎಂದರೆ ಒಂದು ಫ್ರೆಟ್ಟಿನಷ್ಟು ಅಂತರ. ಎಂದಿನ ಶ್ರುತಿಯಿಂದ ಇಲ್ಲಿಗೆ ಬರಲು ಆರನೆಯ, ಎರಡನೆಯ, ಒಂದನೆಯ ತಂತಿಗಳನ್ನು ಎರಡೆರಡು ಮನೆ, ಮೂರನೆಯದನ್ನು ಒಂದು ಮನೆ ಇಳಿಸಿದರೆ ಆಯಿತು, ಯಾವುದನ್ನೂ ಏರಿಸಬೇಕಾಗಿಲ್ಲ. ನಾನು ಇದನ್ನೇ ಹೇಳುವುದಕ್ಕೆ ಕಾರಣವೂ ಅದೇ. ಡೋಬ್ರೋದವರ ಓಪನ್ ಜಿಯಲ್ಲಿ ಆರನೆಯ ತಂತಿಯನ್ನು ಮೂರು ಮನೆ, ಐದನೆಯದನ್ನು ಎರಡು ಮನೆ ಏರಿಸಬೇಕು. ಎರಡು ಮನೆ ಏರಿಸಿದರೆ ತಂತಿಯ ಎಳೆತ ಶೇ. 26, ಮೂರು ಮನೆಗೆ ಶೇ. 41 ಹೆಚ್ಚುತ್ತದೆ. ಹಳೆಯ ಪ್ಲೈವುಡ್ ಗಿಟಾರ್ ಅದನ್ನು ತಡೆಯದು. ಎಲ್ಲ ತಂತಿ ಇಳಿಸಿದ ಮೇಲೆ ಕೊರಳಿನ ಬಿಗಿತ ಸಡಿಲಿ ಮೊದಲು ಕೂಡಿಸಿದ ತಂತಿ ಮತ್ತೆ ಏರಿರುತ್ತದೆ, ಆದ್ದರಿಂದ ಇನ್ನೊಂದು ಸುತ್ತು ಕೂಡಿಸಲೇಬೇಕು.

ಟ್ಯೂನರ್ ಆ್ಯಪ್ ನಂಬಿ ಗಾಂಧಾರ ಕೂಡಿಸಬೇಡಿ. ಆ್ಯಪ್‌ನ ಎಫ್ ಶಾರ್ಪ್ ನಮ್ಮ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿದೆ (ಒಂದು ಮನೆಗೆ ನೂರು ಸೆಂಟ್). ತಂಬೂರಿ ಹಾಕಿಕೊಂಡು, ಮೂರನೆಯ ತಂತಿಯನ್ನು ನಾಲ್ಕನೆಯದರ ಜೊತೆ ಮೀಟುತ್ತ, ಅಲೆಯಾಡುವ ನಾದ ನಿಂತುಹೋಗುವವರೆಗೆ ಮೆಲ್ಲಗೆ ಇಳಿಸಿ. ಇನ್ನೊಂದು ಮಾತು, ಗಾಂಧಾರದ ತಂತಿ ಎಲ್ಲ ರಾಗಕ್ಕೂ ಆಗಿಬರುವುದಿಲ್ಲ. ಕೋಮಲ ಗಾಂಧಾರದ ರಾಗಕ್ಕೆ ಅದನ್ನು ಒಂದು ಮನೆ ಇಳಿಸಿ. ಮಾಲಕಂಸಕ್ಕೆ ಪಂಚಮವೇ ಇಲ್ಲ, ಎರಡೂ ಪಂಚಮಗಳನ್ನು ಮಧ್ಯಮಕ್ಕೆ ಇಳಿಸಬೇಕು.

ಕುರ್ಚಿಗೆ ಕೈ ಇರಬಾರದು. ತೊಡೆಗೂ ಗಿಟಾರಿಗೂ ನಡುವೆ ಕಪಾಟಿಗೆ ಹಾಸುವ ರಬ್ಬರ್ ಜಾಲರಿ ಹಾಕಿದರೆ ಜಾರುವುದಿಲ್ಲ. ಬಲಗೈ ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ತೋರು ಮತ್ತು ನಡು ಬೆರಳಿಗೆ ಲೋಹದ ಪಿಕ್. ಲೋಹದ ಪಿಕ್ಕಿನ ನಾಲಿಗೆ ಬೆರಳಿನ ಮೆತ್ತನೆಯ ಕಡೆಗೆ ಬರಬೇಕು. ಉಗುರಿನ ಮೇಲೆ ಹಾಕಿಕೊಂಡು ಬರುವವರೇ ಹೆಚ್ಚು.

ಇನ್ನು ಬಾರ್ ಎಲ್ಲಿಡಬೇಕು. ಬೆರಳಿನಿಂದ ಒತ್ತುವಾಗ ಎರಡು ಫ್ರೆಟ್‌ಗಳ ನಡುವೆ ಒತ್ತುತ್ತೇವೆ. ಇಲ್ಲಿ ಹಾಗಲ್ಲ, ಬಾರಿನ ಮಧ್ಯರೇಖೆ ಫ್ರೆಟ್ಟಿನ ನೆತ್ತಿಗೇ ಬರಬೇಕು. ಮೇಲಿನಿಂದ ನೇರ ನೋಡಿ, ಓರೆಯಾಗಿ ನೋಡಿದರೆ ಕಣ್ಣು ಮೋಸ ಮಾಡುತ್ತದೆ. 648 ಮಿ.ಮೀ. ಅಳತೆಯ ಗಿಟಾರಿನಲ್ಲಿ ನಟ್ಟಿನಿಂದ ಮೊದಲ ಫ್ರೆಟ್ 36 ಮಿ.ಮೀ. ದೂರವಿದೆ, 11 ಮತ್ತು 12ರ ನಡುವೆ ಬರೀ 19. ಹಾಗಾಗಿ 2 ಮಿ.ಮೀ. ತಪ್ಪಿದರೆ ಕೆಳಗೆ 5-6 ಸೆಂಟ್ ಅಪಸ್ವರ, ಹೆಚ್ಚಿನವರ ಕಿವಿಗೆ ಬೀಳದು. ಮೇಲೆ ಅದೇ 2 ಮಿ.ಮೀ. 10 ಸೆಂಟ್‌ಗೂ ಹೆಚ್ಚು, ಪಕ್ಕದ ಮನೆಯವರಿಗೂ ತಿಳಿಯುತ್ತದೆ. ತಾರಸ್ಥಾಯಿಗೆ ಹೋದಂತೆ ಕೈ ನಿಧಾನವಾಗಬೇಕು. ಎಂದಿನ ಗಿಟಾರಿನ ಸ್ಯಾಡಲ್, ಅಂದರೆ ಬ್ರಿಜ್ ಮೇಲೆ ತಂತಿ ಕೂರುವ ಪಟ್ಟಿ, ಓರೆಯಾಗಿ ಕೂತಿರುವುದರಿಂದ ದಪ್ಪ ತಂತಿಗಳಲ್ಲಿ ಬಾರನ್ನು ಬ್ರಿಜ್ ಕಡೆಗೆ ಕೂದಲೆಳೆಯಷ್ಟು ಸರಿಸಬೇಕಾಗುತ್ತದೆ, ಕಿವಿ ಅದನ್ನು ತಾನೇ ಹೇಳುತ್ತದೆ.

ಪಾಠಕ್ಕೆ ನಾನು ಮೋಹನ ರಾಗ, ಅಂದರೆ ಭೂಪದಿಂದ ಶುರು ಮಾಡಿಸುತ್ತೇನೆ. ಮೊದಲ ತಂತಿಯಲ್ಲಿ ಖಾಲಿ ಸ, ಆಮೇಲೆ 2, 4, 7, 9, 12ನೆಯ ಫ್ರೆಟ್. ಐದೇ ನಿಲ್ದಾಣ. ಇದು ಕೂತ ಮೇಲೆ ಸರಳೆ ವರಸೆ, ಅಂದರೆ ಕರ್ನಾಟಕ ಸಂಗೀತದ ಆರಂಭದ ಸ್ವರಪಾಠ. ಮಾಯಾಮಾಳವಗೌಳಕ್ಕೆ 1, 4, 5, 7, 8, 11, 12. ಒಂದು ಮನೆಯ ಸಣ್ಣ ಹೆಜ್ಜೆಯೂ ಮೂರು ಮನೆಯ ದೊಡ್ಡ ಹೆಜ್ಜೆಯೂ ಬೆನ್ನುಬೆನ್ನಿಗೇ ಬರುವುದರಿಂದ ಎಡಗೈಗೆ ಇದಕ್ಕಿಂತ ಒಳ್ಳೆಯ ಕಸರತ್ತಿಲ್ಲ. ಪುರಂದರದಾಸರು ಗಾಯಕರಿಗೆಂದು ಹಾಕಿಕೊಟ್ಟ ಪಾಠ ಈ ವಾದ್ಯಕ್ಕೂ ಹೀಗೆ ಹೊಂದುತ್ತದೆ. ಖಾಲಿ ತಂತಿಯ ‘ಸ’ ಸ್ವರಕ್ಕೆ ಗಮಕ ಕೊಡಲಾಗದು, ನಿಲ್ಲಿಸಿ ನುಡಿಸಬೇಕಾದ ‘ಸ’ 12ರಲ್ಲಿರಲಿ.

ಹೊಸಬರ ನಾದ ಗಲೀಜಾಗಿ ಕೇಳುವುದಕ್ಕೆ ಅಪಸ್ವರಕ್ಕಿಂತ ದೊಡ್ಡ ಕಾರಣ ತಂತಿಯನ್ನು ಮುಚ್ಚದಿರುವುದು. ಬಾರ್ ಇಟ್ಟಾಗ ತಂತಿ ಎರಡು ತುಂಡಾಗುತ್ತದೆ. ಬ್ರಿಜ್ ಕಡೆಯದು ನಾವು ಮೀಟುವುದು, ನಟ್ ಕಡೆಯದು ಮೀಟದೆಯೇ ತಾನಾಗಿ ಕಂಪಿಸುವುದು. ಆ ಎರಡನೆಯ ನಾದಕ್ಕೂ ರಾಗಕ್ಕೂ ಸಂಬಂಧವಿಲ್ಲ. ಅದನ್ನು ಕೊಲ್ಲಲು ಬಾರಿನ ಹಿಂದೆ ಉಂಗುರ ಬೆರಳು, ಕಿರುಬೆರಳುಗಳನ್ನು ತಂತಿಗಳ ಮೇಲೆ ಸುಮ್ಮನೆ ಎಳೆದುಕೊಂಡು ಹೋಗಬೇಕು. ಬಾರ್ ಎತ್ತುವಾಗಲೂ ಮೊದಲು ಬಾರ್, ಆಮೇಲೆ ಬೆರಳು. ತಿರುವುಮುರುವಾದರೆ ಠಣ್ ಎಂದು ಸದ್ದು. ಸ್ಲೈಡ್ ನುಡಿಸುವವರು ಇದೇ ಕೆಲಸವನ್ನು ತೋರುಬೆರಳಿನಿಂದ ಮಾಡುತ್ತಾರೆ. ಮುಂದಿನ ಸ್ವರ ಮೀಟುವ ಮೊದಲು ಹಿಂದಿನದನ್ನು ಬಲ ಅಂಗೈಯ ಅಂಚಿನಿಂದ ತಡೆಯುವುದು ಇದರ ಜೋಡಿ ಪಾಠ. ಜಾರು, ಕಂಪಿತ ಎಲ್ಲ ಇದಾದ ಮೇಲೆ. ಮೊದಲ ದಿನದಿಂದಲೇ ಬಾರನ್ನು ನಡುಗಿಸಲು ಹೊರಟರೆ ನಡುಕದ ಹಿಂದೆ ಅಪಸ್ವರ ಅಡಗಿಕೊಳ್ಳುತ್ತದೆ, ಕಿವಿ ಬೆಳೆಯುವುದಿಲ್ಲ.

ಸರಳೆ ವರಸೆ ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ, ಶುದ್ಧವಾಗಿ ಬಂದ ಮೇಲೆ ಹೊಸ ವಾದ್ಯದ ಮಾತು. ಫ್ಲ್ಯಾಟಿನಲ್ಲಿ ರಾತ್ರಿ ಅಭ್ಯಾಸ ಮಾಡುವವರಿಗೆ ಆರು ತಂತಿಯ ವಿದ್ಯುತ್ ಲ್ಯಾಪ್ ಸ್ಟೀಲ್ ಒಳ್ಳೆಯದು. ಹೆಡ್‌ಫೋನ್ ಹಾಕಿಕೊಳ್ಳಬಹುದು, ಚಿಕ್ಕದಾದ್ದರಿಂದ ಲೋಕಲ್ ರೈಲಿನಲ್ಲೂ ಒಯ್ಯಬಹುದು. ರಾಗವೇ ಬೇಕು ಅನ್ನುವವರಿಗೆ ತರಬು ಇರುವ ವಾದ್ಯ. ಆದರೆ ಇಪ್ಪತ್ತು ತಂತಿ ಕೂಡಿಸುವ ತಾಳ್ಮೆ ಇರಲಿ. ಡೋಬ್ರೋ ಕೊಳ್ಳುವಾಗ ಚೌಕ ಕೊರಳಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ಗುಂಡು ಕೊರಳಿನದು ಎದೆಗೆ ಆನಿಸಿ ನುಡಿಸುವವರಿಗೆ.

ಮಳೆಗಾಲದ ವಿಷಯ ಬೇರೆಯೇ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಗೆ ಮೊದಲು ತುಕ್ಕು ಹಿಡಿಯುವುದು ಸುತ್ತಿಲ್ಲದ ಸಣ್ಣ ತಂತಿಗಳು, ಅಂದರೆ ನಾವು ರಾಗ ನುಡಿಸುವವೇ. ತುಕ್ಕಿನ ತಂತಿ ಬಾರನ್ನೂ ಗೀರುತ್ತದೆ. ನುಡಿಸಿದ ಮೇಲೆ ತಂತಿಯ ಮೇಲೂ ಕೆಳಗೂ ಒಣ ಬಟ್ಟೆಯಿಂದ ಒರೆಸಿ, ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮೊದಲ ಎರಡು ತಂತಿಗಳನ್ನು ಬಿಡಿಯಾಗಿ ಹೆಚ್ಚು ಕೊಂಡಿಡಿ. ಬದಲಿಸುವಾಗ ಒಂದು ತಂತಿ ಬಿಚ್ಚಿ, ಹೊಸದು ಕಟ್ಟಿ, ಆಮೇಲೆ ಮುಂದಿನದು. ಆರನ್ನೂ ಒಟ್ಟಿಗೆ ಬಿಚ್ಚಿದರೆ ಏರಿಸಿದ ನಟ್ ಕಳಚಿ ಬೀಳುತ್ತದೆ; ಅದನ್ನು ಹಿಡಿದಿಟ್ಟಿರುವುದು ತಂತಿಯ ಒತ್ತಡ ಮಾತ್ರ.